ನೆನೆ ಹಾಕಿದ ಇಂಜಿನ್

ಆ ದಿನದ ನನ್ನ ಡೈರಿಯಲ್ಲಿ ಇರುವುದು ಒಂದೇ ಸಾಲು: 'ಮಿಸ್ತ್ರಿಯ ಕೈಯಲ್ಲಿ ರಿಂಗು ಮುರಿದು ಇಂಜಿನ್ ಕೆಟ್ಟಿತು.' ಅಕ್ಷರ ನನ್ನದು, ಮಾತು ಸುಳ್ಳು. ನೆನಪನ್ನು ನಂಬಬಾರದೆಂದೇ ಕಾಲೇಜಿನ ದಿನಗಳಿಂದ ಡೈರಿ ಬರೆಯುತ್ತ ಬಂದವಳು ನಾನು. ಬರೆದಿಟ್ಟದ್ದೂ ಅಷ್ಟೇ ಚೆನ್ನಾಗಿ ಮೋಸ ಮಾಡುತ್ತದೆ ಎಂದು ಆ ಸಾಲು ಕಲಿಸಿತು. ಹಾಗಾಗಿ ಇಲ್ಲಿ ಖಚಿತವಿದ್ದದ್ದನ್ನು ಖಚಿತವೆಂದು, ಇಲ್ಲದ್ದನ್ನು ಇಲ್ಲವೆಂದು ಹೇಳಲು ನೋಡುತ್ತೇನೆ.

ಧಾರವಾಡದಲ್ಲಿ ಕನ್ನಡ ಎಂ.ಎ. ಮುಗಿಸಿ, ಬಿ.ಇಡಿ.ಯನ್ನೂ ಮಾಡಿಕೊಂಡು, ನೌಕರಿಯ ಆದೇಶ ಕಾಯುತ್ತ ತಾಂಬಾದ ಮನೆಯಲ್ಲಿ ಕುಳಿತಿದ್ದ ವರ್ಷ. ಬೇಸಿಗೆಯ ನಡುವೆ ನಮ್ಮ ಹೊಲದ ಕಡೆಯ ಟಿ.ಸಿ., ಅಂದರೆ ಕರೆಂಟಿನ ಟ್ರಾನ್ಸ್‌ಫಾರ್ಮರ್, ಸುಟ್ಟಿತು. ಬಾವಿಯಲ್ಲಿ ನೀರಿತ್ತು, ಎತ್ತಲು ಕರೆಂಟಿರಲಿಲ್ಲ. ಲಿಂಬೆ ಗಿಡಗಳು ಹೂವು ಹಿಡಿದಿದ್ದವು. ಆಗ ಅಪ್ಪನಿಗೆ ತಗಡಿನ ಶೆಡ್ಡಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಹಳೆಯ ಡೀಸೆಲ್ ಇಂಜಿನ್ ಕಣ್ಣಿಗೆ ಬಿತ್ತು. ಹ್ಯಾಂಡಲ್ ಹಾಕಿ ಇಬ್ಬರು ತಿರುಗಿಸಿದರೂ ಅದು ಅಲುಗಲಿಲ್ಲ. ಒಳಗಿನ ಪಿಸ್ಟನ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು.

ಸಿಂದಗಿಯಿಂದ ಮಿಸ್ತ್ರಿ ಕಾಕಾನನ್ನು ಕರೆಸಿದರು. ಜಾಮ್ ಆದ ಇಂಜಿನ್ ಬಿಡಿಸುವುದರಲ್ಲಿ ಅವರ ಕೈ ದೊಡ್ಡದು ಎಂದು ಇಂಡಿಯಿಂದ ಕನ್ನೊಳ್ಳಿಯವರೆಗೂ ಮಾತಿತ್ತು. ಒಂದು ಕೈಚೀಲ ಹಿಡಿದು ಬಸ್ಸಿನಿಂದ ಇಳಿದ ಕಾಕಾ ಇಂಜಿನ್ನಿನ ಮೇಲಿನ ಮುಚ್ಚಳ, ಹೆಡ್, ಬಿಚ್ಚಿದರು. ತುಕ್ಕು ಒರೆಸಿ, ಡೀಸೆಲ್ಲಿಗೆ ಆಯಿಲ್ ಬೆರೆಸಿ ಪಿಸ್ಟನ್ನಿನ ಮೇಲೆ ತುಂಬಿಸಿ, ಮೇಲೊಂದು ಗೋಣಿತಟ್ಟು ಮುಚ್ಚಿ ಎದ್ದು ನಿಂತರು.

"ಮುಗೀತೇನ್ರಿ?" ಎಂದ ಅಪ್ಪ.

"ನೆನಿಲಿ ಬಿಡ್ರಿ."

"ಎರಡು ಏಟು ಹಾಕಿ ಬಿಡಸ್ರಿ ಅಂತ ಕರಸಿದ್ರ, ಕಡ್ಲಿ ನೆನಿ ಹಾಕಿದಂಗ ಹಾಕಾಕತ್ತೀರಲ್ರಿ. ಒಗ್ಗರಣಿ ಯಾವಾಗ?"

"ಕಡ್ಲಿ ಒಂದ ರಾತ್ರಿಗೆ ನೆನಿತಾವ್ರಿ ಗೌಡ್ರ. ಇದು ಕಬ್ಬಣ. ಹೊಡದು ತಗದ್ರ ಪಿಸ್ಟನ್ ಬರ್ತೈತಿ, ಇಂಜಿನ್ ಬರಂಗಿಲ್ಲ."

ಮರುದಿನ ಬಂದು ಪಿಸ್ಟನ್ನಿನ ಮೇಲೆ ಬೇವಿನ ತುಂಡೊಂದನ್ನಿಟ್ಟು, ಮರದ ಕೊಡತಿಯಿಂದ ಮೆಲ್ಲಗೆ, ಮಲಗಿದವರ ಬಾಗಿಲು ತಟ್ಟುವ ಹಾಗೆ, ಸುತ್ತಲೂ ತಟ್ಟಿದರು. ನಡುನಡುವೆ ಕಿವಿಗೊಟ್ಟು ಆಲಿಸಿದರು. ಆಮೇಲೆ ಇಂಜಿನ್ನಿನ ಪಕ್ಕದ ದೊಡ್ಡ ಚಕ್ರವನ್ನು, ಫ್ಲೈವೀಲನ್ನು, ಮುಂದಕ್ಕೂ ಹಿಂದಕ್ಕೂ ಒತ್ತಿ ನೋಡಿದರು. ನನಗೆ ಏನೂ ಅಲುಗಿದಂತೆ ಕಾಣಲಿಲ್ಲ, ಅವರಿಗೆ ಕಂಡಿತು. ಚೀಲದಿಂದ ಸೀಮೆಸುಣ್ಣ ತೆಗೆದು ಫ್ಲೈವೀಲಿನ ಅಂಚಿನಿಂದ ಇಂಜಿನ್ನಿನ ಮೈವರೆಗೆ ಒಂದು ಗೆರೆ ಎಳೆದರು. ಚಕ್ರ ಅಲುಗಿದರೆ ಗೆರೆ ತುಂಡಾಗುತ್ತದೆ, ತಾವಿಲ್ಲದಾಗ ಏನಾಯಿತೆಂದು ತಿಳಿಯುತ್ತದೆ.

"ಪಿಸ್ಟನ್ನಿಗೆ ರಿಂಗ್ ಇರ್ತಾವ ತಂಗಿ," ಎಂದರು ನನಗೆ. "ಗಾಜಿನ ಬಳಿ ಇದ್ದಂಗ. ಬಾಗೂದಿಲ್ಲ, ಮುರಿತಾವ. ಇನ್ನ ಎರಡು ದಿನ ನೆನಿಬೇಕು. ನಾ ಬರೂತನಾ ಯಾರಿಗೂ ಕೈ ಹಚ್ಚಾಕ ಕೊಡಬ್ಯಾಡ."

ಒದ್ದೆಯಾಗುವುದಕ್ಕೂ ಸ್ಮರಿಸುವುದಕ್ಕೂ ಕನ್ನಡದಲ್ಲಿ 'ನೆನೆ' ಎಂಬ ಒಂದೇ ಮಾತು. ಎರಡರ ಮೂಲ ಬೇರೆ ಎಂದು ತರಗತಿಯಲ್ಲಿ ಬರೆದುಕೊಂಡಿದ್ದೆ. ಕಾಕಾ ಬಸ್ಸಿಗೆ ಹೋದ ಮೇಲೆ ಅದನ್ನೇ ಯೋಚಿಸುತ್ತ ನಕ್ಕದ್ದು ನೆನಪಿದೆ. ಅಥವಾ ಈ ನಗೆಯನ್ನು ನಾನು ಆಮೇಲೆ ಸೇರಿಸಿಕೊಂಡಿರಬಹುದು.

ಮೂರನೆಯ ದಿನ ಮಧ್ಯಾಹ್ನ ಅಪ್ಪ ಟಿ.ಸಿ. ವಿಚಾರಿಸಲು ಇಂಡಿಗೆ ಹೋಗಿದ್ದ. ನಾನು ಹೊಲಕ್ಕೆ ಹೋದಾಗ ಲಿಂಬೆಯ ಕೆಳಗೆ ಉದುರಿದ ಹೂವು ಬಿದ್ದಿತ್ತು. ಒಂದೇ ಏಟಿಗೆ ಪಿಸ್ಟನ್ ಬಿಡಿಸುವ ವಿಡಿಯೋವನ್ನು ಮೊಬೈಲಿನಲ್ಲಿ ನೋಡಿದ್ದೆ. ಎಂ.ಎ. ಓದಿ ಮನೆಯಲ್ಲಿ ಕುಂತಾಳೆ ಎಂಬ ಮಾತು ಓಣಿಯಲ್ಲಿ ಓಡಾಡುತ್ತಿತ್ತು. ಇವುಗಳಲ್ಲಿ ಯಾವುದು ನಿಜವಾದ ಕಾರಣವೋ ಈಗ ಬೇರ್ಪಡಿಸಲಾರೆ. ಹೂವಿನ ಕಾರಣವೇ ಮೊದಲು ನೆನಪಾಗುತ್ತದೆ. ಅದು ನನಗೆ ಅನುಕೂಲದ್ದು, ಆದ್ದರಿಂದ ಅನುಮಾನ.

ಬೇವಿನ ತುಂಡನ್ನು ಪಿಸ್ಟನ್ನಿನ ಮೇಲೆ ಇಟ್ಟೆ. ಕೊಡತಿ ಕಾಕಾನ ಚೀಲದಲ್ಲಿ ಹೋಗಿತ್ತು. ಗೂಟ ಬಡಿಯುವ ಕಬ್ಬಿಣದ ಸುತ್ತಿಗೆ ಶೆಡ್ಡಿನಲ್ಲಿತ್ತು. ಮೂರು ಏಟು ಹೊಡೆದೆ, ನಾಲ್ಕೂ ಇರಬಹುದು. ಕೊನೆಯ ಏಟಿಗೆ ಒಳಗೆ 'ಟಕ್' ಎಂದು ಸಣ್ಣ ಸಪ್ಪಳವಾಯಿತು. ಅದು ಮಾತ್ರ ಖಚಿತ. ಫ್ಲೈವೀಲು ಅರ್ಧ ಬೆರಳಿನಷ್ಟು ಸರಿದು ಸೀಮೆಸುಣ್ಣದ ಗೆರೆ ಎರಡಾಯಿತು.

ಮೊದಲು ಹಿಗ್ಗಿದೆ, ಬಿಟ್ಟಿತು ಎಂದು. ಗಾಜಿನ ಬಳೆಯ ಮಾತು ನೆನಪಾದದ್ದು ಆಮೇಲೆ. ಓಢಣಿಯ ಸೆರಗನ್ನು ಡೀಸೆಲ್ಲಿನಲ್ಲಿ ಅದ್ದಿ ಚಕ್ರದ ಮೇಲಿನ ಗೆರೆಯನ್ನು ಒರೆಸಿದೆ. ಕಾಕಾ ಕಟ್ಟೆಯ ಮೇಲೆ ಬಿಟ್ಟುಹೋಗಿದ್ದ ಸೀಮೆಸುಣ್ಣದ ಚೂರಿನಿಂದ, ಮೈಮೇಲಿನ ಗೆರೆಗೆ ಕೂಡುವಂತೆ ಹೊಸದನ್ನು ಎಳೆದೆ. ನೆಟ್ಟಗೆ ಬಂತು.

ಮರುದಿನ ಕಾಕಾ ಮೊದಲು ನೋಡಿದ್ದು ಗೆರೆಯನ್ನೇ.

"ಶಾಣ್ಯಾಕಿ ನೋಡ್ರಿ ಗೌಡ್ರ ನಿಮ್ಮ ಮಗಳು. ಯಾರಿಗೂ ಮುಟ್ಟಾಕ ಕೊಟ್ಟಿಲ್ಲ."

ಆಗ ಹೇಳಬಹುದಿತ್ತು. ಅವರು ಮತ್ತೆ ತಟ್ಟಿ, ಫ್ಲೈವೀಲಿಗೆ ಎರಡೂ ಕೈ ಕೊಟ್ಟು ಒತ್ತಿದರು. ಅದು ಒಂದು ಸಲ ಬಿಗಿಯಾಗಿ ತಡೆದು, ಆಮೇಲೆ ತಿರುಗಿತು. ಅಪ್ಪ "ಶಾಭಾಸ್!" ಎಂದ. ಎರಡನೆಯ ಸಲ ತಿರುಗುವಾಗ ಒಳಗಿನಿಂದ ಕರಕರ ಕೊರೆಯುವ ಸಪ್ಪಳ. ಕಾಕಾ ಕೈ ತೆಗೆದರು. ಪಿಸ್ಟನ್ ಹೊರತೆಗೆದಾಗ ಒಂದು ರಿಂಗು ತುಂಡಾಗಿತ್ತು. ಅದರ ಚೂಪು ತುದಿ, ಪಿಸ್ಟನ್ ಓಡಾಡುವ ಕೊಳವೆಯ ಒಳಗೋಡೆಗೆ, ಲೈನರಿಗೆ, ಮೇಲಿಂದ ಕೆಳಗಿನವರೆಗೆ ಉದ್ದ ಗೀರು ಕೊರೆದಿತ್ತು. ಆ ಇಂಜಿನ್ನಿನ ಲೈನರ್ ಈಗ ಎಲ್ಲೂ ಸಿಗುವುದಿಲ್ಲ.

ಕಾಕಾ ಬೆರಳಿನಿಂದ ಗೀರನ್ನು ಮುಟ್ಟಿ ನೋಡಿದರು. ಗೆರೆಯನ್ನು ನೋಡಿದರು. "ಮೊನ್ನೆ ನನ್ನ ಏಟಿಗೇ ಮುರದೈತ್ರಿ," ಎಂದರು. "ಕೊಡತಿ ಬಿರುಸು ಬಿದ್ದೈತಿ, ನನಗ ತಿಳದಿಲ್ಲ."

ಸಂಜೆ ಅಪ್ಪ ಬಸ್ ನಿಲ್ದಾಣದ ಚಹಾ ಹೊಟೇಲಿನಲ್ಲಿ ನಾಲ್ಕು ಮಂದಿಯ ಮುಂದೆ, ಕಾಕಾ ಬಸ್ಸಿಗೆ ಕಾಯುತ್ತಿರುವಾಗಲೇ, "ಮಿಸ್ತ್ರಿ ಕೈ ಹೋತು, ಇನ್ನ ಅವನ್ನ ಕರೀಬ್ಯಾಡ್ರಿ," ಎಂದನಂತೆ. ಮನೆಗೆ ಬಂದು ಅವನೇ ಹೇಳಿದ. ನಾನು ಡೈರಿ ತೆಗೆದು ಆ ಸಾಲು ಬರೆದೆ.

ಈಗ ಬಸವನ ಬಾಗೇವಾಡಿಯಲ್ಲಿ ಹೈಸ್ಕೂಲು ಶಿಕ್ಷಕಿಯಾಗಿದ್ದೇನೆ. ಊರಿಗೆ ಹೋಗುವಾಗೆಲ್ಲ ಸಿಂದಗಿಯಲ್ಲಿ ಬಸ್ ಬದಲಿಸಬೇಕು. ಎಂಟು ವರ್ಷ ಕಾಕಾನ ಅಂಗಡಿಯ ರಸ್ತೆಯನ್ನು ತಪ್ಪಿಸಿ ನಡೆದೆ. ಕಳೆದ ತಿಂಗಳು ಆ ರಸ್ತೆಯಲ್ಲೇ ಹೋದೆ. ಧೈರ್ಯ ಬಂದಿತ್ತು ಎಂದು ಬರೆಯಬಹುದು. ಆ ದಿನ ಇನ್ನೊಂದು ರಸ್ತೆ ಅಗೆದಿದ್ದರು ಎಂಬುದೂ ನಿಜ.

ಅಂಗಡಿಯ ಮುಂದೆ ಇಂಜಿನ್ ಒಂದೂ ಇರಲಿಲ್ಲ. ಬೆಳೆಗೆ ಔಷಧ ಹೊಡೆಯುವ ಪಂಪುಗಳು, ಗ್ಯಾಸ್ ಒಲೆಗಳು. ಕಾಕಾ ಗುರುತು ಹಿಡಿದರು.

"ಬಾ ತಂಗಿ, ಕುಂಡ್ರು. ಅಪ್ಪ ಅರಾಮ?"

"ಅರಾಮ್ರಿ ಕಾಕಾ. ಇಂಜಿನ್ ಒಂದೂ ಕಾಣವಲ್ದಲ್ರಿ?"

"ಬಿಟ್ಟೀನಿ. ಕೊಡತಿ ಎಷ್ಟ ಬಿರುಸು ಬೀಳ್ತೈತಿ ಅನ್ನೂದು ಕೈಗೆ ತಿಳೀದಿದ್ರ ಮಂದಿ ಇಂಜಿನ್ ಯಾಕ ಕೆಡಸಬೇಕು? ನಿಮ್ಮದ ಕಡೇದು."

ಕುಳಿತುಕೊಳ್ಳದೆ ಎಲ್ಲವನ್ನೂ ಹೇಳಿದೆ. ಸುತ್ತಿಗೆ, ಏಟು, ಒರೆಸಿದ ಗೆರೆ. ಕಾಕಾ ಒಲೆಯ ಬರ್ನರನ್ನು ಒರೆಸುತ್ತಲೇ ಇದ್ದರು.

"ಸಪ್ಪಳ ಬಂತೇನು?" ಎಂದರು.

"ಬಂತ್ರಿ. ಟಕ್ ಅಂತು."

ಒರೆಸುವುದು ನಿಂತಿತು.

"ಸಪ್ಪಳ ಬಂತು ಅಂತ ಅವತ್ತ ಒಂದ ಮಾತ ಹೇಳಿದ್ರ ನಾ ತಿರಗಸ್ತಿರಲಿಲ್ಲ. ಕೆಳಗಿಂದ ಮ್ಯಾಲೆ ತಟ್ಟಿ ಪಿಸ್ಟನ್ ತಗದು ಬ್ಯಾರೆ ರಿಂಗ್ ಹಾಕ್ತಿದ್ದೆ. ರಿಂಗ್ ಎಲ್ಲಾ ಕಡೆ ಸಿಗ್ತಾವ್ರಿ, ಅಕ್ಕೋರ."

ನಮ್ಮ ಕಡೆ ಶಿಕ್ಷಕಿಯರನ್ನು ಎಲ್ಲರೂ ಅಕ್ಕೋರು ಎನ್ನುತ್ತಾರೆ. ಮರ್ಯಾದೆಯ ಮಾತು. 'ತಂಗಿ' ಹೋಗಿ ಅದು ಬಂದಾಗ ನೆಲ ನೋಡಿದೆ. ನಾನು ಕೆಡಿಸಿದ್ದು ಒಂದು ರಿಂಗನ್ನು ಮಾತ್ರ. ಇಂಜಿನ್ನನ್ನು ಕೆಡಿಸಿದ್ದು ನಾನು ಎಳೆದ ಗೆರೆ, ಅದೂ ಕಾಕಾನ ಕೈಯಿಂದಲೇ ಕೆಡಿಸಿತ್ತು.

"ಅಪ್ಪಾರಿಗೆ ಹೇಳೀರೇನ್ರಿ?"

"ಇಲ್ರಿ."

"ಅವರು ಹೊಟೇಲದಾಗ ನಾಕ್ ಮಂದಿ ಮುಂದ ಅಂದ್ರು, ನಾ ಕೇಳಸ್ಕೊಂಡು ಬಸ್ ಹತ್ತಿದೆ. ನೀವು ಇಲ್ಲಿ ನನಗೊಬ್ಬಗ ಕಿವ್ಯಾಗ ಹೇಳಾಕತ್ತೀರಿ."

ತಾಂಬಾದಲ್ಲಿ ಇಳಿದು ನೇರ ಆ ಹೊಟೇಲಿಗೆ ಹೋದೆ. ಹೆಣ್ಣುಮಕ್ಕಳು ಹೋಗಿ ಕೂಡುವ ಜಾಗವಲ್ಲ ಅದು. ಅಪ್ಪ ಮೂರ್ನಾಲ್ಕು ಜನರ ಜೊತೆ ಬೆಂಚಿನ ಮೇಲಿದ್ದ. "ಇಲ್ಲಿಗ್ಯಾಕ ಬಂದಿ ತಂಗಿ?" ಎಂದ. ನಿಂತೇ ಹೇಳಿದೆ. ಒಬ್ಬ ನಕ್ಕ:

"ಅಕ್ಕೋರು ಸಾಲ್ಯಾಗ ನೀತಿ ಪಾಠ ಹೇಳಿ ಹೇಳಿ, ಮಾಡದ್ದನ್ನೂ ಒಪ್ಕೊಳ್ಳಾಕತ್ತಾರಲೇ!"

ಅಪ್ಪ ನಗಲಿಲ್ಲ. "ಯಾವ ಸುತ್ತಗಿ?" ಎಂದು ಕೇಳಿದ.

"ಗೂಟ ಬಡಿಯೂದು."

ತಲೆಯಾಡಿಸಿದ. ನಂಬಿದ ಎಂದು ತಿಳಿಯಿತು. ಅಷ್ಟರಲ್ಲಿ ಅಪ್ಪನ ಪಕ್ಕದಲ್ಲಿದ್ದ ಮುದುಕ ಮೆಲ್ಲಗೆ ಅಂದ: "ನನ್ನ ಇಂಜಿನ್ ಜಾಮ್ ಆದಾಗ ಮಿಸ್ತ್ರಿನ್ನ ಕರೀತೇನಂದ್ರ ನೀನ ಬ್ಯಾಡ ಅಂದಿದ್ದಿ, ಗೌಡ. ಬ್ಯಾರೆದಾವ್ರು ಬಂದು ಹೊಡದ್ರು. ಒಡದ ಹೋತು."

ಅದೂ ನನ್ನದೇ ತಪ್ಪು ಎನ್ನಲು ಬಾಯಿ ತೆರೆದೆ. ಅಪ್ಪ ನನಗಿಂತ ಮೊದಲು "ಹೌದಪಾ, ನಾನ ಅಂದಿದ್ದೆ," ಎಂದ.

ಮರುದಿನ ಅಪ್ಪ ಒಬ್ಬನೇ ಸಿಂದಗಿಗೆ ಹೋಗಿಬಂದ. ಏನು ಮಾತಾಡಿದರೆಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಕಳೆದ ವಾರ ಬಸ್ ಬದಲಿಸುವಾಗ ಅಂಗಡಿಯ ಮುಂದೆ ಹಾದುಹೋದೆ. ಪಂಪುಗಳೂ ಒಲೆಗಳೂ ಹಾಗೇ ಇದ್ದವು. ಇಂಜಿನ್ ಒಂದೂ ಇರಲಿಲ್ಲ.