ಅಂಗಡಿ ಮಾಮನ ಒಂಬತ್ತು ಹಲಗೆಗಳು

ಅವರ ಬಲಭುಜ ಎಡಭುಜಕ್ಕಿಂತ ಎರಡು ಬೆರಳು ತಗ್ಗಾಗಿತ್ತು. ಅಂಗಿ ಹಾಕಿದರೆ ಆ ಕಡೆಯ ತೋಳು ಮೊಣಕೈ ದಾಟಿ ಇಳಿಯುತ್ತಿತ್ತು. ಅಂಗಿ ಹಾಕುತ್ತಿದ್ದುದು ಮದುವೆ ಮುಂಜಿಗಳಿಗೆ ಮಾತ್ರವಾದ್ದರಿಂದ ಊರಿಗೆ ಅದರಿಂದ ವಿಶೇಷ ತೊಂದರೆಯಾಗಲಿಲ್ಲ. ಮಿಕ್ಕ ದಿನ ಬನಿಯನ್ನಿನ ಅಂಚಿನಲ್ಲಿ, ಭುಜದ ಮೇಲೆ, ಕೊಬ್ಬರಿ ಹೋಳಿನಂಥ ಒಂದು ದಡ್ಡು ಕಾಣುತ್ತಿತ್ತು. ದಿನಕ್ಕೆ ಎರಡು ಸಲ ಒಂಬತ್ತು ಹಲಗೆಗಳನ್ನು ಆ ಭುಜಕ್ಕೆ ಆನಿಸಿ ಹೊತ್ತದ್ದರ ಗುರುತು ಅದು.

ಕಾಪು ಪೇಟೆಯಲ್ಲಿ ಹಲಗೆ ಬಾಗಿಲಿನ ಜಿನಸಿ ಅಂಗಡಿ ಎಂದು ಉಳಿದಿದ್ದದ್ದು ಅವರದೊಂದೇ. ಊರಿಗೆಲ್ಲ ಅವರು ಅಂಗಡಿ ಮಾಮ. ನಾನು ಎದುರು ಮಾಳಿಗೆಯಲ್ಲಿ ಬಾಡಿಗೆಗಿದ್ದ ನಿವೃತ್ತ ಕನ್ನಡ ಮಾಸ್ಟ್ರು. ಮಧ್ಯಾಹ್ನ ಅವರ ಅಕ್ಕಿ ಮೂಟೆಯ ಮೇಲೆ ಕುಳಿತು ಲೋಕದ ಆಗುಹೋಗುಗಳನ್ನು ತಿದ್ದುವುದು ನನ್ನ ಆಗಿನ ಉದ್ಯೋಗ.

ಹಲಗೆಗಳು ಹಲಸಿನ ಮರದ್ದು. ಅವರ ತಂದೆ ಕಾರ್ಕಳದ ಮರದ ಮಿಲ್ಲಿನಲ್ಲಿ ನಿಂತು ಕೊಯ್ಯಿಸಿ ತಂದದ್ದಂತೆ. ಒಂದೊಂದರ ತಲೆಯಲ್ಲೂ ಉಳಿಯಿಂದ ಕೊರೆದ ಕನ್ನಡ ಅಂಕಿ. ಹೊಸ್ತಿಲಲ್ಲೂ ಮೇಲಿನ ತೊಲೆಯಲ್ಲೂ ಕೊರೆದ ಜಾಡಿಗೆ ಒಂದರಿಂದ ಒಂಬತ್ತರವರೆಗೆ ಅನುಕ್ರಮವಾಗಿ ಸೇರಿಸಬೇಕು. ನಡುವೆ ಒಂದು ಅದಲುಬದಲಾದರೂ ಕೊನೆಯದಕ್ಕೆ ಜಾಗವಿಲ್ಲ, ಬೀಗವೂ ಬೀಳುವುದಿಲ್ಲ. ಸರಕಾರದ ಅನೇಕ ಕಾಯಿದೆಗಳಿಗೆ ಇಷ್ಟು ಬಿಗಿಯಿಲ್ಲ.

ಹಗಲಿಡೀ ಈ ಹಲಗೆಗಳು ಗೋಡೆಗೆ ಒರಗಿ ನಿಂತಿರಬೇಕಾದವು. ಆದರೆ ನಿಂತದ್ದು ಕಡಿಮೆ. ಯಾರದೋ ಮನೆಯಲ್ಲಿ ಹಪ್ಪಳ ಒಣಗಿಸಲು ಮೂರನೆಯದು, ಮದುವೆ ಅಡಿಗೆಯ ತರಕಾರಿ ಹೆಚ್ಚಲು ನಾಲ್ಕು ಮತ್ತು ಐದು, ಮಳೆಗಾಲದಲ್ಲಿ ನೀರು ತುಂಬಿದ ತೋಡು ದಾಟುವ ಕಾಲುಸಂಕ ಮುರಿದರೆ ಶಾಲೆಯ ಮಕ್ಕಳಿಗಾಗಿ ಎರಡನೆಯದು. ಮಾಮ ಕೊಡುವಾಗ ಎರಡೇ ಮಾತು: "ತೊಳೆದು ತನ್ನಿ. ದೀಪ ಹಚ್ಚುವ ಮೊದಲು ತನ್ನಿ."

ಎರ್ಮಾಳಿನಿಂದ ಮೀನು ತರುತ್ತಿದ್ದ ಹೆಂಗಸೊಬ್ಬಳಿಗೆ ಮಾತ್ರ ಅವರು ಹಲಗೆ ಕೊಡಲಿಲ್ಲ.

"ಎಂತ ಮಾಮ, ನೀವು ತಿನ್ನುವ ಅಂಜಲ್ ಕೊಯ್ಯಲಿಕ್ಕೇ ಅಲ್ವಾ ಕೇಳಿದ್ದು?"

"ತಿನ್ನುವುದು ನಾನು ಮಾರಾಯ್ತಿ. ನಾಳೆ ಆ ವಾಸನೆಯ ಅಕ್ಕಿ ತಿನ್ನುವುದು ಊರು."

ಒಂದು ದಿನ ನಾನು ಹಲಗೆ ಎಂಬ ಪದದ ಮೇಲೆಯೇ ಉಪನ್ಯಾಸ ಕೊಟ್ಟೆ. ಮೂವತ್ತು ವರ್ಷ ಕರಿಹಲಗೆಯ ಮುಂದೆ ನಿಂತವನಿಗೆ ಹಲಗೆ ಎಂದರೆ ಬರೆದು ಒರೆಸುವಂಥದ್ದು. ಉದ್ಯಾವರದಲ್ಲಿ ದೋಣಿ ಕಟ್ಟುವವರಿಗೆ ಅದು ಸಮುದ್ರಕ್ಕೂ ಮನುಷ್ಯನಿಗೂ ನಡುವಿನ ಗೋಡೆ. ಪಕ್ಕದಲ್ಲಿ ಕಟ್ಟಡ ಕಟ್ಟುತ್ತಿದ್ದ ಬಾಗಲಕೋಟೆ ಕಡೆಯವರಿಗೆ ಇಲ್ಲಿ ಅದು ಕಾಂಕ್ರೀಟಿಗೆ ಆನಿಸುವ ಮರ, ಅವರ ಊರಿನಲ್ಲಾದರೆ ತೊಗಲು ಬಿಗಿದು ಬಾರಿಸುವ ವಾದ್ಯ. ಮಾಮ ಉದ್ದಿನಬೇಳೆಯಿಂದ ಕಲ್ಲು ಆರಿಸುತ್ತಾ ಪೂರ್ತಿ ಕೇಳಿದರು.

"ಅರ್ಥ ಎಲ್ಲ ನಿಮ್ಮಲ್ಲೇ ಇರಲಿ ಮಾಸ್ಟ್ರೇ. ನನಗೆ ಸಂಜೆ ವಾಪಸು ಬಂದರೆ ಸಾಕು."

ಅದೇ ಕಟ್ಟಡದ ಎರಡನೇ ಮಾಳಿಗೆಯ ಸಾರುವೆಯಿಂದ ಒಂದು ಬೆಳಿಗ್ಗೆ ಗಾರೆಯವನೊಬ್ಬ ಜಾರಿ ಬೆನ್ನಡಿಯಾಗಿ ಬಿದ್ದ. ನಾವು ಓಡಿ ಹೋಗುವಷ್ಟರಲ್ಲಿ ಜನ ಸೇರಿತ್ತು. ಅವನ ಹೆಂಡತಿ ಸಿಮೆಂಟಿನ ಬುಟ್ಟಿ ಎಸೆದು ಪಕ್ಕದಲ್ಲಿ ಕುಳಿತಿದ್ದಳು. ಅವನಿಗೆ ಪ್ರಜ್ಞೆಯಿತ್ತು. "ಕಾಲು ಎಲ್ಲ್ಯದಾವು? ನನ್ನ ಕಾಲು ಎಲ್ಲ್ಯದಾವು?" ಎಂದು ಕೇಳುತ್ತಿದ್ದ. ಆಂಬ್ಯುಲೆನ್ಸು ಬೇರೊಂದು ಅಪಘಾತಕ್ಕೆ ಹೋಗಿದೆ, ತಡವಾಗುತ್ತದೆ ಎಂದರು. ನಾಲ್ಕು ಜನ ಅವನ ಕೈಕಾಲು ಹಿಡಿದು ರಿಕ್ಷಾಕ್ಕೆ ಹಾಕಲು ಬಗ್ಗಿದರು.

"ಮುಟ್ಟಬೇಡಿ! ಯಾರೂ ಮುಟ್ಟಬೇಡಿ ಅವನನ್ನು!"

ಆ ದನಿ ಮಾಮನದೆಂದು ತಿಳಿಯಲು ನನಗೇ ಸ್ವಲ್ಪ ಹೊತ್ತು ಬೇಕಾಯಿತು. ಹನ್ನೆರಡು ವರ್ಷದಲ್ಲಿ ಅವರು ಬೆಕ್ಕಿಗೂ ಗದರಿದ್ದನ್ನು ನಾನು ಕಂಡಿರಲಿಲ್ಲ.

"ಸಾಯ್ತಾನ್ರೀ ಸಾವ್ಕಾರ್ರ, ತಡಾ ಮಾಡಬ್ಯಾಡ್ರಿ!" ಎಂದ ಕೆಲಸಗಾರರ ಮೇಸ್ತ್ರಿ. ರಿಕ್ಷಾದವನೂ ರೇಗಿದ: "ಇವನಿಗೆ ಏನಾದರೂ ಆದರೆ ನೀವು ಜವಾಬ್ದಾರಿಯಾ ಮಾಮ?"

"ಹೌದು, ನಾನೇ" ಎಂದವರು ಅಂಗಡಿಗೆ ಓಡಿದರು. ಎಪ್ಪತ್ತು ದಾಟಿದವರು ಎಲ್ಲಕ್ಕಿಂತ ಅಗಲದ ಏಳನೆಯ ಹಲಗೆಯನ್ನು ಹೊತ್ತು ಓಡಿ ಬಂದರು. ಅವನ ತಲೆಯನ್ನು ಎರಡು ಕೈಯಲ್ಲಿ ಅಲುಗದಂತೆ ಹಿಡಿದು, ಆರು ಜನರನ್ನು ಒಂದೇ ಬದಿಗೆ ಕೂರಿಸಿ, ತಾನು ಮೂರು ಎಂದಾಗ ಎಲ್ಲರೂ ಒಟ್ಟಿಗೆ ಹೊರಳಿಸಬೇಕು, ಮೊದಲೂ ಅಲ್ಲ, ಆಮೇಲೂ ಅಲ್ಲ ಎಂದರು. ಹಲಗೆ ಬೆನ್ನ ಕೆಳಗೆ ಹೋಯಿತು. ಹೆಗಲ ಮೇಲಿನ ಬೈರಾಸುಗಳಿಂದ ಅವನನ್ನು ಅದಕ್ಕೆ ಕಟ್ಟಿದರು. ಏಳಡಿ ಹಲಗೆ ರಿಕ್ಷಾದಲ್ಲಿ ಹಿಡಿಯದು. ರಸ್ತೆಯಲ್ಲಿ ಬರುತ್ತಿದ್ದ ಮೀನಿನ ಟೆಂಪೋವನ್ನು ಮಾಮ ಅಡ್ಡ ನಿಂತು ನಿಲ್ಲಿಸಿದರು. ಮಂಜುಗಡ್ಡೆಯ ಪೆಟ್ಟಿಗೆಗಳೆಲ್ಲ ರಸ್ತೆಗಿಳಿದವು. ತಲೆ ಹಿಡಿದ ಕೈ ಬಿಡದೆ ಮಾಮನೂ ಹತ್ತಿದರು. ಹೋಗುವಾಗ ಇಷ್ಟೇ ಹೇಳಿದರು: "ಮಾಸ್ಟ್ರೇ, ಅಂಗಡಿ ನೋಡಿ."

ನಾನು ನೋಡಿದೆ. ಸಂಧಿ ಸಮಾಸ ಕಲಿಸಿದ ವಿದ್ವಾಂಸನು ಕೊತ್ತಂಬರಿಗೊಂದು, ಧನಿಯಕ್ಕೊಂದು ಡಬ್ಬ ಹುಡುಕುತ್ತ ಅರ್ಧ ಗಂಟೆ ಕಳೆದನು. ಎರಡೂ ಒಂದೇ ಎಂದು ತಿಳಿಸಿ, ಗಿರಾಕಿಗಳೇ ಒಳಗೆ ಬಂದು ತೂಗಿಕೊಂಡು ಹೋದರು.

ಮಾಮ ಸಂಜೆ ಬಂದಾಗ ಹಲಗೆ ಇರಲಿಲ್ಲ, ಮಣಿಪಾಲದ ಆಸ್ಪತ್ರೆಯಲ್ಲೇ ಉಳಿದಿತ್ತು. ಏಳರ ಜಾಗಕ್ಕೆ ತಗಡು ಕಟ್ಟಿ ಅಂಗಡಿ ಮುಚ್ಚಿದರು. ಮರುದಿನದಿಂದ ಒಂದು ಕ್ರಮ ಶುರುವಾಯಿತು. ಮಧ್ಯಾಹ್ನ ಅಂಗಡಿ ನನಗೆ ಒಪ್ಪಿಸಿ, "ಹಲಗೆ ಕೇಳಿ ಬರ್ತೇನೆ" ಎಂದು ಮಣಿಪಾಲದ ಬಸ್ಸು ಹತ್ತುವುದು. ಸಂಜೆ ಬರಿಗೈಯಲ್ಲಿ ಇಳಿದು, "ಇವತ್ತೂ ಸಿಗಲಿಲ್ಲ" ಎನ್ನುವುದು. ಹೀಗೆ ಎರಡು ವಾರ. ಆಸ್ಪತ್ರೆಯವರಿಗೆ ಖಾರವಾದ ಪತ್ರವೊಂದನ್ನು ಬರೆದೇ ತೀರುವುದೆಂದು ನಾನು ನಿಶ್ಚಯಿಸಿ, ಮೊದಲು ಸ್ಥಳ ಪರಿಶೀಲನೆಗೆ ಅವರ ಜೊತೆ ಹೋದೆ.

ಬಾಗಿಲಲ್ಲೇ ವಾಚ್‌ಮನ್ ನಕ್ಕ. "ಎಂತ ಮಾಮ, ಇವತ್ತಾದರೂ ತೆಗೊಂಡು ಹೋಗ್ತೀರಾ? ನನಗೆ ಕುರ್ಚಿ ಹಾಕಲಿಕ್ಕೆ ಜಾಗ ಇಲ್ಲ." ಅವನ ಹಿಂದೆ, ಗೋಡೆಗೆ ಒರಗಿ, ತೊಳೆದು ಒರೆಸಿದ ಏಳನೆಯ ಹಲಗೆ ನಿಂತಿತ್ತು. ಬಂದ ಮರುದಿನದಿಂದ ಅಲ್ಲೇ ಇತ್ತಂತೆ.

ಮಾಮ ನನ್ನ ಮುಖ ನೋಡಲಿಲ್ಲ. ನೇರ ಮೇಲಿನ ವಾರ್ಡಿಗೆ ಹೋಗಿ ಗಾರೆಯವನ ಹಾಸಿಗೆಯ ಕಾಲ ಕಡೆ ಕುಳಿತು ಅವನ ಹೆಬ್ಬೆರಳನ್ನು ಮುಟ್ಟಿದರು.

"ಗೊತ್ತಾಯಿತಾ?"

"ಇಲ್ಲರೀ ಮಾಮಾರ."

"ಈಗ?"

"ಇಲ್ಲರೀ."

"ಆಗಲಿ, ನಾಳೆ ನೋಡುವ." ಪ್ರತಿದಿನ ಇದೇ ಪ್ರಶ್ನೋತ್ತರ ನಡೆಯುತ್ತದೆಂದು ಅವನ ಹೆಂಡತಿ ಹೇಳಿದಳು. ಮೊದಲ ದಿನ ಡಾಕ್ಟರು, "ಹಲಗೆಯ ಮೇಲೆ ಮಲಗಿಸಿ ತಂದದ್ದು ಯಾರು?" ಎಂದು ಕೇಳಿದಾಗ ಮಾಮ ತಪ್ಪು ಮಾಡಿದವರಂತೆ ಎದ್ದು ನಿಂತರಂತೆ. ಮಡಚಿ ತಂದಿದ್ದರೆ ನರ ಕಡಿದೇ ಹೋಗುತ್ತಿತ್ತು, ಈಗ ಆಸೆಯಿದೆ ಎಂದಾಗಲೂ ಕುಳಿತುಕೊಳ್ಳಲಿಲ್ಲವಂತೆ.

ಹೊರಗಿನ ಬೆಂಚಿನಲ್ಲಿ ಅವರು ತಾವಾಗಿ ಹೇಳಿದರು. "ನನ್ನ ಅಣ್ಣ ಮಾವಿನ ಮರದಿಂದ ಬಿದ್ದಿದ್ದ ಮಾಸ್ಟ್ರೇ. ಬಿದ್ದಾಗ ಕಾಲು ಆಡಿಸ್ತಿದ್ದ, ನಾನೇ ನೋಡಿದ್ದೆ. ನಾವು ನಾಲ್ಕು ಜನ ಎತ್ತಿ, ಮಡಚಿ ಕಾರಿನ ಹಿಂದಿನ ಸೀಟಿಗೆ ಹಾಕಿದೆವು. ಇಳಿಸುವಾಗ ಕಾಲು ಆಡಲಿಲ್ಲ. ಹನ್ನೊಂದು ವರ್ಷ ಮಲಗಿದಲ್ಲೇ. ಒಂದು ದಿನವೂ ನಮ್ಮನ್ನು ಬೈಯಲಿಲ್ಲ."

"ಅದಕ್ಕೇನಾ ಶಟರ್ ಹಾಕಿಸದೆ ಹಲಗೆ ಇಟ್ಟುಕೊಂಡದ್ದು?" ಎಂದೆ. ಇಂಥ ಕಡೆ ಅರ್ಥ ಹುಡುಕುವುದು ನಮ್ಮ ಮಾಸ್ಟ್ರುಗಳ ಜಾತಿ ರೋಗ.

"ಹಾಗೆಂತದ್ದೂ ಇಲ್ಲ ಮಾರಾಯ್ರೆ. ಶಟರ್ ಭಾರೀ ಶಬ್ದ ಮಾಡ್ತದೆ."

ಇಪ್ಪತ್ತಮೂರನೆಯ ದಿನ ಮಾಮ ಮಣಿಪಾಲದ ಬಸ್ಸಿನಿಂದ ಹಲಗೆ ಸಮೇತ ಇಳಿದರು. ಕಂಡಕ್ಟರು ಬೈಯುತ್ತಲೇ ಇದ್ದ. ಮಾಮ ನನ್ನನ್ನು ಕಂಡು, "ಹೆಬ್ಬೆರಳು" ಎಂದರು. ಏಳರ ಜಾಗಕ್ಕೆ ಕಟ್ಟುತ್ತಿದ್ದ ತಗಡನ್ನು ಎತ್ತಿ ಒಳಗಿಟ್ಟರು.

ಗಾರೆಯವನು ಎದ್ದು ಕುಳಿತು, ಕೋಲು ಹಿಡಿದು, ಕೋಲು ಬಿಟ್ಟು ನಡೆಯಲು ಒಂದೂವರೆ ವರ್ಷ ಹಿಡಿಯಿತು. ಭಾರ ಎತ್ತುವ ಹಾಗಿಲ್ಲವೆಂದು ಉದ್ಯಾವರದ ಒಂದು ಕಟ್ಟಡದಲ್ಲಿ ಕಾವಲಿಗೆ ಸೇರಿದ. ಮಾಮ ಅವನ ಬಗ್ಗೆ ಯಾರಲ್ಲೂ ಹೇಳಿಕೊಂಡವರಲ್ಲ. ನಾನು ಮಾತೆತ್ತಿದರೆ ತಕ್ಕಡಿಯ ಕಡೆ ತಿರುಗುತ್ತಿದ್ದರು. ಮನುಷ್ಯನೊಬ್ಬ ಇಷ್ಟು ಒಳ್ಳೆಯವನಾಗಿದ್ದೂ ಇಷ್ಟು ಕಡಿಮೆ ತೊಂದರೆ ಕೊಡಬಹುದೆಂದು ನಾನು ಕಲಿತದ್ದು ಅವರಿಂದ. ಆ ಪಾಠವನ್ನು ನಾನು ಯಾವ ತರಗತಿಗೂ ಮಾಡಿರಲಿಲ್ಲ.

ಹೋದ ವರ್ಷ ಮಳೆ ನಿಂತ ಮೇಲೆ, ಮಧ್ಯಾಹ್ನ ಊಟ ಮಾಡಿ ಒರಗಿದ ಮಾಮ ಮತ್ತೆ ಏಳಲಿಲ್ಲ. ಸುದ್ದಿ ಕೇಳಿ ಗಾರೆಯವನು ಉದ್ಯಾವರದಿಂದ ಬಂದಿದ್ದ. ಸ್ಮಶಾನ ಮುಕ್ಕಾಲು ಮೈಲು. ವಯಸ್ಸಾದ ನಾವು ಚಟ್ಟದ ಹಿಂದೆ ಹೋಗುವ ವ್ಯಾನು ಹತ್ತಿದೆವು.

"ಬಾ, ಹತ್ತಿಕೋ. ಜಾಗ ಉಂಟು" ಎಂದೆ.

"ಬ್ಯಾಡ್ರಿ ಸರ. ನಾ ನಡಕೊಂಡ ಬರ್ತೀನಿ."

ಎಡಗಾಲನ್ನು ತುಸು ಎಳೆಯುತ್ತ ಅವನು ಬಿಸಿಲಲ್ಲಿ ಹೊರಟ. ಡ್ರೈವರು ಒಮ್ಮೆ ಕನ್ನಡಿಯಲ್ಲಿ ನೋಡಿ ವ್ಯಾನನ್ನು ಇನ್ನಷ್ಟು ನಿಧಾನ ಮಾಡಿದ.