ಅಂಗಳದಲ್ಲಿ ಹರಿದ ಹೊಳೆ

ನಾನು ಮೂರನೇ ಕ್ಲಾಸಿಗೆ ಕಾಲಿಟ್ಟ ವರ್ಷ ನಮ್ಮ ಮನೆಯಲ್ಲಿ ಒಂದು ಒಪ್ಪಂದವಾಯಿತು. ಮೊದಲ ಟರ್ಮು ಮುಗಿದು ದಸರಾ ರಜೆ ಬರುವವರೆಗೆ ನಾನು ಶಾಲೆಗೆ ಹೋಗಬಹುದು. ಆಮೇಲೆ ಹೋಗುವುದೋ ಬಿಡುವುದೋ ಅಜ್ಜಿ ಹೇಳಿದಂತೆ. ಅಜ್ಜಿ ಅಂದರೆ ಅಪ್ಪನ ತಾಯಿ. ಹರಿಹರದ ನಮ್ಮ ಪುಟ್ಟ ಮನೆಯಲ್ಲಿ ಆಕೆ ಒಂದು ಮಾತು ಆಡಿದರೆ ಮುಗಿಯಿತು, ಅಪ್ಪನೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅಪ್ಪ ದಾವಣಗೆರೆಯ ಹತ್ತಿ ಮಿಲ್ಲಿಗೆ ದಿನಾ ಬೆಳಗಿನ ರೈಲಿನಲ್ಲಿ ಹೋಗಿ ಸಂಜೆಯ ರೈಲಿನಲ್ಲಿ ಬರುತ್ತಿದ್ದ. ಅವ್ವ ಗುತ್ತೂರಿನ ಹೊಲಗಳಲ್ಲಿ ಕಳೆ ತೆಗೆಯಲು ಹೋಗುತ್ತಿದ್ದವಳು, ತಮ್ಮ ಹುಟ್ಟಿದ ಮೇಲೆ ಮನೆಯಲ್ಲಿ ಉಳಿದಿದ್ದಳು. ದಸರೆಯ ಹೊತ್ತಿಗೆ ಅವ್ವ ಮತ್ತೆ ಕೆಲಸಕ್ಕೆ ಹೋಗಬೇಕು, ಆ ಹೊತ್ತಿಗೆ ಕೂಸು ಅಂಬೆಗಾಲಿಡುತ್ತದೆ. ಅಜ್ಜಿಗೆ ಮೊಣಕಾಲು ನೋವು, ಅಂಬೆಗಾಲಿಡುವ ಕೂಸಿನ ಹಿಂದೆ ಓಡಲಾಗದು. ಹಾಗಾಗಿ ಓಡುವವಳು ನಾನು. ಲೆಕ್ಕ ಸರಿಯಾಗಿಯೇ ಇತ್ತು, ಅದಕ್ಕೇ ನನಗೆ ಅಷ್ಟೊಂದು ಸಿಟ್ಟು.

"ಹುಡುಗಿ ಏನರ ಕಲಿತೈತೆ ಅಂತ ನನಗೆ ಅನ್ನಿಸ್ಬೇಕು, ಅಷ್ಟೇಯ. ಆವಾಗ ನೋಡಾಣ," ಅಂದಿದ್ದಳು ಅಜ್ಜಿ. ಅಷ್ಟು ಸಾಕಾಗಿತ್ತು ನನಗೆ. ಅಂದಿನಿಂದ ನಾನು ಕಲಿತದ್ದನ್ನೆಲ್ಲ ಮನೆಗೆ ಹೊತ್ತು ತಂದು ಅಜ್ಜಿಯ ಮುಂದೆ ಸುರಿಯತೊಡಗಿದೆ.

ನಮ್ಮ ಶಾಲೆ ಹೊಳೆಯ ಕಡೆ ಇತ್ತು. ಹಿಂದಿನ ಕಿಟಕಿಯಲ್ಲಿ ಇಣುಕಿದರೆ ತುಂಗಭದ್ರೆ ಕಾಣುತ್ತಿದ್ದಳು. ಪಾಠ ಹೇಳುವ ಅಕ್ಕೋರು ಚಿತ್ರದುರ್ಗದ ಕಡೆಯವರು, ದಾವಣಗೆರೆಯಲ್ಲಿ ಇದ್ದುಕೊಂಡು ದಿನಾ ರೈಲಿನಲ್ಲಿ ಬರುತ್ತಿದ್ದರು. ಇನ್ನೂ ಚಿಕ್ಕ ವಯಸ್ಸು, ಕೈತುಂಬ ಸೀಮೆಸುಣ್ಣದ ಪುಡಿ. ಎಲ್ಲ ವಿಷಯಕ್ಕೂ ಅವರೇ. ಒಂದೇ ಬಾಯಲ್ಲಿ ಪದ್ಯ, ಮಗ್ಗಿ, ಗಿಡದ ಬೇರು, ಊರಿನ ದಿಕ್ಕು ಎಲ್ಲವೂ ಬರುತ್ತಿತ್ತು. ಇಷ್ಟೆಲ್ಲ ಒಬ್ಬರ ತಲೆಯೊಳಗೆ ಹೇಗೆ ಹಿಡಿಸುತ್ತದೆ ಎಂದು ನಾನು ಅವರ ತುರುಬನ್ನೇ ದಿಟ್ಟಿಸಿ ನೋಡುತ್ತ ಕೂರುತ್ತಿದ್ದೆ.

ಆ ಟರ್ಮಿನಲ್ಲಿ ನನಗೆ ಜಗತ್ತು ದಿನಕ್ಕೊಂದು ಬಾಗಿಲು ತೆಗೆಯಿತು. ಒತ್ತಕ್ಷರಗಳು ಹಿಡಿತಕ್ಕೆ ಬಂದ ಮೇಲೆ ಸ್ಟೇಷನ್ ರಸ್ತೆಯ ಅಂಗಡಿಗಳ ಹಲಗೆಗಳು ಒಂದೊಂದಾಗಿ ಮಾತಾಡತೊಡಗಿದವು. ಅಷ್ಟು ದಿನ ಅವು ಬರೀ ಬಣ್ಣ ಬಳಿದ ತಗಡು. ಈಗ ಒಂದು "ಎಣ್ಣೆ" ಅನ್ನುತ್ತದೆ, ಇನ್ನೊಂದು "ಬೆಲ್ಲ" ಅನ್ನುತ್ತದೆ. ನಾನು ನಡುರಸ್ತೆಯಲ್ಲಿ ನಿಂತು ಗಟ್ಟಿಯಾಗಿ ಓದುತ್ತಿದ್ದರೆ ಜಟಕಾದವನು ಬೈದುಕೊಂಡು ಹೋದ. ಲೆಕ್ಕದಲ್ಲಿ ಸೊನ್ನೆ ನನ್ನ ನಿದ್ದೆ ಕೆಡಿಸಿತು. ಏನೂ ಇಲ್ಲ ಅನ್ನುವುದಕ್ಕೂ ಒಂದು ಗುರುತು, ಆ ಏನೂ ಇಲ್ಲದ್ದು ಬಲಕ್ಕೆ ಬಂದು ಕೂತರೆ ಒಂದು ಹತ್ತಾಗುತ್ತದೆ! ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಹೆಸರುಕಾಳು ಬಿರಿದು ಬಾಲ ಬಿಟ್ಟಾಗ, ಹೇಗೇ ತಿರುಗಿಸಿಟ್ಟರೂ ಬೇರು ಕೆಳಕ್ಕೇ ಬಾಗುತ್ತದೆ ಎಂದು ಅಕ್ಕೋರು ತೋರಿಸಿದರು. ಕಣ್ಣಿಲ್ಲದ ಕಾಳಿಗೆ ಕೆಳಗೆ ಯಾವುದು ಅಂತ ಹೇಗೆ ಗೊತ್ತು? ಯಾರೂ ಹೇಳಲಿಲ್ಲ. ನನಗೆ ಇಂದಿಗೂ ಅದು ಸೋಜಿಗವೇ.

ಸಂಜೆ ಅಜ್ಜಿ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತ ಕೇಳುತ್ತಿದ್ದಳು: "ಏನೇ, ಇವತ್ತು ನಿಮ್ಮಕ್ಕೋರು ತಲಿಯಾಗೆ ಏನು ತುರುಕಿದ್ರು?"

ನಾನು ಹೇಳುತ್ತಿದ್ದೆ. ಕಾಳಿನ ಬೇರು ಕೆಳಕ್ಕೇ ಹೋಗುತ್ತದೆ ಅಂದೆ.

"ಮತ್ತೆ ಮ್ಯಾಲಕ್ಕೆ ಹೋಗತೈತೇನು? ನನಗೂ ಗೊತ್ತೈತೆ."

ಬಿಸಿಲಿಗೆ ನೀರು ಹಬೆಯಾಗಿ ಮೇಲೆ ಹೋಗಿ ಮೋಡವಾಗುತ್ತದೆ ಅಂದೆ.

"ದಿನಾ ಸೀರಿ ಒಣಗಾಕ್ತೀನಿ. ಗೊತ್ತಾಗದಂಗ ಇರತೈತಾ?"

ನಾಲ್ಕರ ಮಗ್ಗಿ ಒಪ್ಪಿಸಿದೆ. ಆಕೆ ಕೊನೆಯವರೆಗೂ ಕೇಳಿ, "ದನಕ್ಕೆಲ್ಲ ನಾಕೇ ಕಾಲು. ಎಣಿಸಿ ಎಣಿಸಿ ನನಗೆ ಅದೂ ಗೊತ್ತೈತೆ," ಅಂದಳು. ಕೊನೆಗೆ ಒಂದು ದಿನ ಭೂಮಿ ಗುಂಡಗಿದೆ ಅಂತ ಹೇಳಿದೆ. ಇದು ಮಾತ್ರ ಆಕೆಗೆ ಗೊತ್ತಿರಲಿಕ್ಕಿಲ್ಲ ಎಂದು ನನಗೆ ಭಾರಿ ನಂಬಿಕೆ. ಅಜ್ಜಿ ಎಲೆ ಬಾಯಿಗಿಟ್ಟು, "ಇದು ಸುಳ್ಳು," ಅಂದಳು.

ಹೀಗೆ ನಾನು ಕಲಿತದ್ದು ಒಂದೋ ಆಕೆಗೆ ಗೊತ್ತಿತ್ತು, ಇಲ್ಲವೇ ಸುಳ್ಳಾಗಿತ್ತು. "ಗೊತ್ತಿದ್ದದ್ದನ್ನ ಕಲಿಯಾಕೆ ಸಾಲಿ ಯಾಕ ಬೇಕು?" ಎಂದು ಆಕೆ ಅವ್ವನಿಗೆ ಹೇಳುತ್ತಿದ್ದುದು ನನ್ನ ಕಿವಿಗೂ ಬಿತ್ತು. ದಸರೆ ಹತ್ತಿರ ಬರುತ್ತಿತ್ತು, ತಮ್ಮ ಹೊಟ್ಟೆಯ ಮೇಲೆ ತೆವಳಲು ಕಲಿತಿದ್ದ. ಅವನು ಒಂದೊಂದು ಮಾರು ಮುಂದೆ ಬಂದಾಗಲೂ ನನ್ನ ಶಾಲೆ ಒಂದು ಮಾರು ಹಿಂದೆ ಸರಿದಂತಾಗುತ್ತಿತ್ತು. ಅವನ ಮೇಲೆ ಪ್ರೀತಿಯೂ ಇತ್ತು, ಗದರಿಸಬೇಕೆಂಬ ಆಸೆಯೂ ಇತ್ತು.

ಆ ದಿನಗಳಲ್ಲೇ ದಿಕ್ಕಿನ ಪಾಠ ಬಂತು. ಅಕ್ಕೋರು ನಮ್ಮನ್ನೆಲ್ಲ ಬಯಲಿಗೆ ಕರೆದೊಯ್ದು ಬೆಳಗಿನ ಸೂರ್ಯನಿಗೆ ಎದುರಾಗಿ ನಿಲ್ಲಿಸಿ ಕೈ ಚಾಚಿಸಿದರು. ಎದುರಿಗೆ ಮೂಡಲು, ಎಡಗೈಗೆ ಉತ್ತರ, ಬಲಗೈಗೆ ದಕ್ಷಿಣ, ಬೆನ್ನಿಗೆ ಪಡುವಲು. ನಮ್ಮ ಬೆನ್ನಿಗೆ ಹೊಳೆ, ಎದುರಿಗೆ ದಾವಣಗೆರೆಯ ಕಡೆ ಹೋಗುವ ರೈಲುದಾರಿ. ಆಗ ಥಟ್ಟನೆ ಅಪ್ಪ ನೆನಪಾದ. ಬೆಳಿಗ್ಗೆ ಮೂಡಲಿಗೆ ಹೋಗುವಾಗ ಅವನ ಮುಖಕ್ಕೆ ಬಿಸಿಲು, ಸಂಜೆ ಪಡುವಲಿಗೆ ಬರುವಾಗಲೂ ಮುಖಕ್ಕೇ ಬಿಸಿಲು. ಅಪ್ಪ ಕಣ್ಣು ಕಿರಿದು ಮಾಡಿಕೊಂಡು ಮನೆಗೆ ಬರುವುದು ಸಿಟ್ಟಿನಿಂದಲ್ಲ ಎಂದು ಅವತ್ತು ತಿಳಿಯಿತು. ಸಂಜೆ ಅವನ ತಲೆಯ ಮೇಲಿನ ಹತ್ತಿಯ ಎಳೆಗಳನ್ನು ಆರಿಸುತ್ತ ಇದನ್ನು ಹೇಳಿದೆ. ಅಪ್ಪ ತಲೆ ತಿರುಗಿಸಿ ನನ್ನ ಕಡೆ ನೋಡಿದ. "ಹೌದಲ್ಲವ್ವಾ, ಇಷ್ಟು ವರ್ಷ ಓಡಾಡಿದ್ರೂ ನನಗೆ ಹೊಳೀಲಿಲ್ಲ," ಅಂದ.

ಮರುದಿನ ಅಕ್ಕೋರು ಊರಿನ ಸುತ್ತಮುತ್ತ ಏನಿದೆಯೋ ಅದನ್ನು ಸ್ಲೇಟಿನ ಮೇಲೆ ನಕ್ಷೆಯಾಗಿ ಬರೆಯಲು ಹೇಳಿದರು. ನಾವು ಬರೆದೆವು. ಅಕ್ಕೋರು ಒಂದೊಂದೇ ಸ್ಲೇಟು ನೋಡುತ್ತ ಬಂದವರು ನಗು ಮುಚ್ಚಲು ಬಾಯಿಗೆ ಸೆರಗು ಅಡ್ಡ ಹಿಡಿದರು. ಇಡೀ ಕ್ಲಾಸು ದಕ್ಷಿಣಕ್ಕಿರುವ ಉಕ್ಕಡಗಾತ್ರಿಯನ್ನು ಮೇಲೆ ಬರೆದಿತ್ತು, ಉತ್ತರದ ಗುತ್ತೂರನ್ನು ಕೆಳಗೆ. ನಮಗೆ ಅದರಲ್ಲಿ ಅನುಮಾನವೇ ಇರಲಿಲ್ಲ. ಹೊಳೆ ಎಲ್ಲಿಂದ ಬರುತ್ತದೋ ಅದು ಮೇಲೆ, ಎಲ್ಲಿಗೆ ಹೋಗುತ್ತದೋ ಅದು ಕೆಳಗೆ. ಉಕ್ಕಡಗಾತ್ರಿಯ ಕರಿಬಸವಜ್ಜನ ಗದ್ದುಗೆಗೆ ಹೊರಟರೆ ನಮ್ಮೂರಲ್ಲಿ ಎಲ್ಲರೂ ಮೇಲಕ್ಕೆ ಹೋಗುತ್ತೇವೆ ಅಂತಲೇ ಹೇಳುತ್ತಿದ್ದರು. ಹೊಳೆ ಇಲ್ಲದ ಊರಿಂದ ಬಂದ ಅಕ್ಕೋರಿಗೆ ಇದು ಗೊತ್ತಿರಲಿಲ್ಲ.

ಅವರು ಗೋಡೆಯ ನಕ್ಷೆಯ ಹತ್ತಿರ ಹೋಗಿ ಕೋಲಿನಿಂದ ಹರಿಹರ ತೋರಿಸಿದರು, ಸಾಸಿವೆ ಕಾಳಿನಷ್ಟು ಒಂದು ಚುಕ್ಕೆ. ಆಮೇಲೆ ಹೊಳೆಯ ನೀಲಿ ಗೆರೆ. ಅದು ಶಿವಮೊಗ್ಗದ ಕಡೆ ಕೆಳಗಿನಿಂದ ಹೊರಟು ಗೋಡೆಯ ಮೇಲೆ ಸರಸರ ಹತ್ತಿ ನಮ್ಮೂರಿಗೆ ಬಂದಿತ್ತು. ನನಗೆ ತಡೆಯಲಾಗಲಿಲ್ಲ, ಎದ್ದು ನಿಂತೆ.

"ನೀರು ಮ್ಯಾಲಕ್ಕೆ ಹೆಂಗೆ ಹರೀತೈತ್ರಿ ಅಕ್ಕೋರೆ?"

ಯಾರೋ ಕಿಸಕ್ಕೆಂದರು. ಅಕ್ಕೋರು ನಗಲಿಲ್ಲ. ನಕ್ಷೆಯನ್ನು ಮೊಳೆಯಿಂದ ತೆಗೆದು ನೆಲದ ಮೇಲೆ ಹಾಸಿದರು. ನಮ್ಮನ್ನು ಸುತ್ತ ನಿಲ್ಲಿಸಿ, ನಕ್ಷೆಯ ಉತ್ತರ ನಿಜವಾದ ಉತ್ತರಕ್ಕೆ ಬರುವಂತೆ ಅದನ್ನು ಮೆಲ್ಲಗೆ ತಿರುಗಿಸಿದರು. ಈಗ ನೆಲದ ಮೇಲಿನ ನೀಲಿ ಗೆರೆ ಕಿಟಕಿಯಾಚೆಯ ಹೊಳೆಯ ಪಕ್ಕದಲ್ಲೇ, ಅದು ಹರಿಯುವ ಕಡೆಗೇ ಹರಿಯುತ್ತಿತ್ತು. "ನಿಮ್ಮ ಸ್ಲೇಟೂ ಕೆಳಗಿಟ್ಟು ಹಾಗೇ ತಿರುಗಿಸಿ ನೋಡಿ," ಅಂದರು. ತಿರುಗಿಸಿದೆವು. ನನ್ನ ಉಕ್ಕಡಗಾತ್ರಿ ನಿಜವಾದ ಉಕ್ಕಡಗಾತ್ರಿಯ ಕಡೆ ಹೋಯಿತು, ಗುತ್ತೂರು ಗುತ್ತೂರಿನ ಕಡೆ, ದಾವಣಗೆರೆ ಅಪ್ಪನಿದ್ದ ಕಡೆ. "ಯಾರೂ ತಪ್ಪು ಬರೆದಿಲ್ಲ. ತಲೆಕೆಳಗೆ ಹಿಡಿದಿದ್ದಿರಿ, ಅಷ್ಟೆ," ಅಂದರು ಅಕ್ಕೋರು.

ನಾನು ಕಿಟಕಿಯಾಚೆ ನೋಡಿದೆ, ಸ್ಲೇಟು ನೋಡಿದೆ, ಮತ್ತೆ ಕಿಟಕಿಯಾಚೆ ನೋಡಿದೆ. ಅಷ್ಟು ದೊಡ್ಡ ಹೊಳೆ, ಮಳೆಗಾಲದಲ್ಲಿ ಮರಗಳನ್ನು ಹೊತ್ತುಕೊಂಡು ಬರುವ ಹೊಳೆ, ನನ್ನ ಮಡಿಲಿನಲ್ಲಿ ಹಿಡಿಸುವಷ್ಟಾಗಿತ್ತು. ಆದರೂ ಅದು ಸುಳ್ಳಲ್ಲ. ದೇವರ ಮುಂದೆ ನಿಂತಾಗಲೂ ನನಗೆ ಅಷ್ಟು ಭಯಭಕ್ತಿ ಬಂದಿರಲಿಲ್ಲ.

ಇದನ್ನು ಅಜ್ಜಿಗೆ ಬಾಯಲ್ಲಿ ಹೇಳಲು ನೋಡಿ ಸೋತೆ. "ಗುತ್ತೂರು ಎಲ್ಲೈತೆ ಅಂತ ನನಗೆ ಗೊತ್ತಿಲ್ಲೇನು?" ಅಂದಳು. ಟರ್ಮು ಮುಗಿದ ದಿನ ತಮ್ಮ ಮೊಣಕಾಲೂರಿ ಹೊಸಿಲು ದಾಟಿದ. ಅಜ್ಜಿ ಅವನನ್ನೂ ನನ್ನನ್ನೂ ನೋಡಿ, "ಇನ್ನು ಸಾಕು ಬಿಡವ್ವ, ಓದಿದ್ದು. ರಜಾ ಮುಗಿದ್ರೂ ಮನಿಯಾಗೇ ಇರು," ಅಂದುಬಿಟ್ಟಳು. ನಾನು ಅತ್ತೆ, ಊಟ ಬಿಟ್ಟೆ, ಸ್ಲೇಟನ್ನು ಅಪ್ಪಿಕೊಂಡು ಮೂಲೆ ಸೇರಿದೆ. ಅವ್ವ ತಲೆ ತಗ್ಗಿಸಿದಳು. ಅಪ್ಪ ಮಾತ್ರ ಹತ್ತಿರ ಬಂದು, "ನನಗೆ ಹೇಳಿದ್ಯಲ್ಲ ಬಿಸಿಲಿಂದು, ಹಂಗೇ ಅಜ್ಜಿಗೂ ತೋರ್ಸು," ಎಂದು ಕಿವಿಯಲ್ಲಿ ಹೇಳಿದ.

ಹಬ್ಬದ ದಿನ ಅಂಗಳಕ್ಕೆ ರಂಗೋಲಿ ಹಾಕುವುದು ನನ್ನ ಪಾಲಿನ ಕೆಲಸ. ಅವ್ವ ಬೆಳಿಗ್ಗೆಯೇ ಸಗಣಿ ಸಾರಿಸಿ ಕೊಟ್ಟು ಒಳಗೆ ಹೋದಳು. ನಾನು ಕಮಲ ಬಿಡಿಸಲಿಲ್ಲ. ಬಟ್ಟೆಗೆ ಹಾಕುವ ನೀಲಿಯನ್ನು ರಂಗೋಲಿ ಪುಡಿಗೆ ಬೆರೆಸಿ, ಅಂಗಳದ ದಕ್ಷಿಣದ ತುದಿಯಿಂದ ಉತ್ತರದ ತುದಿಯವರೆಗೆ ಹೊಳೆ ಹರಿಸಿದೆ. ಬಿಳಿ ಪುಡಿಯಲ್ಲಿ ರೈಲುದಾರಿ ಎಳೆದು ಅದರ ಕೊನೆಗೆ ಅಪ್ಪನ ಅಂಗಿಯಿಂದ ಕಿತ್ತ ಹತ್ತಿ ಇಟ್ಟೆ. ಅದು ದಾವಣಗೆರೆ. ಅವ್ವ ದುಡಿಯುವ ಗುತ್ತೂರಿಗೆ ನಾಲ್ಕು ಜೋಳದ ಕಾಳು, ಉಕ್ಕಡಗಾತ್ರಿಗೆ ಒಂದು ಚಿಟಿಕೆ ವಿಭೂತಿ. ನಡುವೆ ನಮ್ಮೂರ ಗುಡಿಗೆ ಒಂದು ತುಳಸಿ ದಳ, ಒಂದು ಬಿಲ್ವಪತ್ರೆ, ಹರಿಗೊಂದು ಹರನಿಗೊಂದು. ತಮ್ಮ ಅದರ ಮೇಲೆ ತೆವಳಿ ಬರಲು ನೋಡಿದ. ಅವನನ್ನು ಸೊಂಟಕ್ಕೇರಿಸಿಕೊಂಡೇ ಮುಗಿಸಿದೆ.

ಅಜ್ಜಿ ಬಾಗಿಲಿಗೆ ಬಂದವಳು ಹೌಹಾರಿದಳು. "ಹಬ್ಬದ ದಿನ ಇದೆಂಥ ರಂಗೋಲಿನೇ? ಎಳಿ ಕೂಡಿಲ್ಲ! ಬಾಯಿ ಬಿಟ್ಕಂಡು ಬಿದ್ದೈತೆ. ಮನಿಗೆ ಒಳ್ಳೇದಲ್ಲ, ಕೂಡ್ಸು ಮೊದ್ಲು."

ರಂಗೋಲಿಯ ಎಳೆ ಹೊರಟಲ್ಲಿಗೆ ಬಂದು ಸೇರಬೇಕು. ಅದನ್ನು ನನಗೆ ಕೈ ಹಿಡಿದು ಕಲಿಸಿದವಳೇ ಆಕೆ.

"ಕೂಡ್ಸಾಕೆ ಬರಲ್ಲಜ್ಜಿ. ಅದು ಹೊಳೆ," ಅಂದೆ.

ಅಜ್ಜಿ ಬೈಯಲು ತೆರೆದ ಬಾಯನ್ನು ಹಾಗೇ ಬಿಟ್ಟು ನೋಡಿದಳು. ನಾನು ಒಂದೊಂದಾಗಿ ತೋರಿಸಿದೆ: ಇದು ಅಪ್ಪನ ಮಿಲ್ಲು, ಇದು ಅವ್ವನ ಹೊಲ, ಇದು ನಿನ್ನ ಕರಿಬಸವಜ್ಜ. ನಾನು ಬೆರಳು ತೋರಿದ ಕಡೆಗೇ ಆ ಊರುಗಳು ನಿಜವಾಗಿಯೂ ಇದ್ದವು. ಅಜ್ಜಿ ಒಮ್ಮೆ ನೆಲ, ಒಮ್ಮೆ ದಿಕ್ಕು ನೋಡಿದಳು. ಆಮೇಲೆ ಕಂಬ ಹಿಡಿದು, ನೋವಿನ ಕಾಲಲ್ಲಿ ಮೆಟ್ಟಿಲಿಳಿದು, ಗೆರೆ ತುಳಿಯದಂತೆ ಸೀರೆ ಎತ್ತಿಕೊಂಡು ಹೊಳೆಯ ದಂಡೆಗುಂಟ ನಡೆದಳು.

"ನನ್ನ ತವರು ಎಲ್ಲೈತೆ ಇದ್ರಾಗೆ?"

ಆಕೆಯ ತವರು ಹೊಳೆಯಾಚೆ. ನಾನು ಅದನ್ನು ನೋಡಿರಲಿಲ್ಲ. "ಮುಂಜಾನೆ ಹೊಳೆ ದಾಟಿ ಹೊಂಟ್ರೆ ಬಿಸಿಲು ಎಲ್ಲಿಗೆ ಬೀಳತೈತಜ್ಜಿ?" ಎಂದು ಕೇಳಿದೆ.

"ಬೆನ್ನಿಗೆ."

ಹಾಗಾದರೆ ಪಡುವಲು. ನಾನು ಹೊಳೆಯ ಆಚೆ ಬೆರಳಿಟ್ಟೆ. ಅಜ್ಜಿ ಸೊಂಟದ ಚೀಲದಿಂದ ಒಂದು ಅಡಿಕೆ ತೆಗೆದು, ಕಷ್ಟಪಟ್ಟು ಬಗ್ಗಿ, ತಾನೇ ಅಲ್ಲಿ ಇಟ್ಟಳು. ಇಟ್ಟ ಮೇಲೆ ಏಳಲಿಲ್ಲ, ಅಲ್ಲೇ ಕುಕ್ಕರಿಸಿದಳು.

"ಮದಿವ್ಯಾದ ದಿನ ಹರಿಗೋಲಿನಾಗೆ ಅಳ್ತಾ ಬಂದಿದ್ದೆ. ಇನ್ನು ತಿರುಗಿ ಹೋಗಾಕೇ ಆಗಲ್ಲ, ಅಷ್ಟು ದೂರ ಅಂದ್ಕಂಡಿದ್ದೆ." ಆಕೆ ಕೈ ಚಾಚಿದಳು. ಒಂದು ಬೆರಳು ಅಡಿಕೆಗೂ ಇನ್ನೊಂದು ಬಿಲ್ವಪತ್ರೆಗೂ ತಾಗಿತು. "ಇಷ್ಟೇ ಇತ್ತೇನೇ?"

ಎಲ್ಲ ಊರೂ ಆಕೆ ನಡೆದು ಸವೆಸಿದವೇ. ಆದರೆ ಎಲ್ಲವನ್ನೂ ಒಟ್ಟಿಗೆ ಆಕೆ ಒಂದು ಸಲವೂ ಕಂಡಿರಲಿಲ್ಲ. ನನಗೂ ಗೊತ್ತೈತೆ ಎಂಬ ಮಾತು ಅವತ್ತು ಬರಲೇ ಇಲ್ಲ. ಆಕೆಯ ಮುಖ ನೋಡಿ ನನಗೆ ಅಳು ಬಂತು, ಯಾಕೆಂದು ಆಗ ತಿಳಿಯಲಿಲ್ಲ.

ಆಮೇಲೆ ಆಕೆಯ ಕಣ್ಣು ನೀಲಿ ಗೆರೆಯ ಹಿಂದೆ ಹೋಗಿ, ಅಂಗಳದ ಉತ್ತರದ ಅಂಚಿನಲ್ಲಿ ನಿಂತಿತು.

"ಇಲ್ಲಿಂದ ಮುಂದೆ ಎಲ್ಲಿಗೆ ಹೋಗತೈತೆ? ಹಂಪಿ ತಾವ ಹೋಗತೈತೆ ಅಂತ ಕೇಳಿದ್ದೆ. ಅಲ್ಲಿಂದ?"

ಅಷ್ಟು ದಿನದಲ್ಲಿ ಅಜ್ಜಿ ಗೊತ್ತಿಲ್ಲದ್ದನ್ನು ನನ್ನ ಹತ್ತಿರ ಕೇಳಿದ್ದು ಅದೇ ಮೊದಲು. ಏನಾದರೂ ಹೇಳಿಬಿಡಬಹುದಿತ್ತು. ಆದರೆ ನನಗೂ ಗೊತ್ತಿರಲಿಲ್ಲ.

"ಗೊತ್ತಿಲ್ಲಜ್ಜಿ. ಅದು ಮುಂದಿನ ಟರ್ಮಿನಾಗೆ ಐತಂತೆ."

ಅಜ್ಜಿ ನನ್ನ ಸೊಂಟದಿಂದ ತಮ್ಮನನ್ನು ಇಸಿದುಕೊಂಡು ತನ್ನ ಮಡಿಲಿಗೆ ಹಾಕಿಕೊಂಡಳು. "ನನ್ನ ಹಳೇ ಸೀರಿ ಇವನ ನಡಕ್ಕೆ ಕಟ್ಟಿ ಕಂಬಕ್ಕೆ ಬಿಗೀತೀನಿ. ಎಲ್ಲಿಗೆ ಓಡ್ತಾನೆ? ನೀನು ಹೋಗು. ಕೇಳ್ಕಂಡು ಬಂದು ನನಗೆ ಹೇಳು."

ಅಷ್ಟರಲ್ಲಿ ಅವ್ವ ಹೊರಗೆ ಬಂದಳು. ಕೂಡದೆ ಬಿದ್ದ ಎಳೆ ಕಂಡು ಅಯ್ಯೋ ಎನ್ನುತ್ತ ರಂಗೋಲಿ ಬಟ್ಟಲಿಗೆ ಕೈ ಹಾಕಿದಳು.

"ಬ್ಯಾಡ, ಬಿಡು," ಅಂದಳು ಅಜ್ಜಿ. "ಅದು ಇನ್ನೂ ಮುಗಿದಿಲ್ಲ."