ಮುದಿವಾಸನೆ

ಗೈಕ್ ಸಿಮ್‌ಗೆ ತನ್ನ ಮೂಗಿನ ಮೇಲೆ ಬಹಳ ಹೆಮ್ಮೆ. ಪಿನಾಂಗಿನ ಜೆಲುಟಾಂಗ್ ಮಾರುಕಟ್ಟೆಯಲ್ಲಿ ಬೇರೆ ಹೆಂಗಸರು ಮೀನಿನ ಕಿವಿರು ಎತ್ತಿ, ಹೊಟ್ಟೆ ಒತ್ತಿ ಚೌಕಾಸಿ ಮಾಡುತ್ತಿದ್ದರೆ, ಇವಳು ಮಾರು ದೂರದಲ್ಲೇ ನಿಂತು ಒಂದು ಸಲ ಉಸಿರೆಳೆದು "ನಿನ್ನೇದು" ಎಂದು ಮುಂದಿನ ಅಂಗಡಿಗೆ ಹೋಗಿಬಿಡುವಳು. ಮೀನಿನವನು ಮುಖ ಸಿಂಡರಿಸುತ್ತಿದ್ದನೇ ಹೊರತು ಅಲ್ಲವೆಂದು ವಾದಿಸಿದ್ದಿಲ್ಲ.

ಆ ಮೂಗು ಪಳಗಿದ್ದು ಒಂದು ವೃದ್ಧಾಶ್ರಮದಲ್ಲಿ. ಗಂಡ ತೀರಿಕೊಂಡ ಮೇಲೆ ಒಬ್ಬನೇ ಮಗ ಕೋಕ್ ಹಿನ್‌ನನ್ನು ಸಾಕಲು ಅವಳು ಅಲ್ಲಿ ಆಯಾ ಆಗಿ ಸೇರಿದಳು. ಮುದುಕಿಯರಿಗೆ ಸ್ನಾನ ಮಾಡಿಸುವುದು, ಹಾಸಿಗೆ ಬದಲಿಸುವುದು, ತಲೆ ಬಾಚುವುದು, ಇದರಲ್ಲೇ ಅವಳ ಪ್ರಾಯ ಸವೆಯಿತು. ಕೆಲಸದಲ್ಲಿ ಕೈ ಬಲು ಮೃದು. ಬಾಯಿ ಮಾತ್ರ ಅಷ್ಟು ಮೃದುವಲ್ಲ. ಸಂಜೆ ಅನ್ನದ ಬಟ್ಟಲು ಹಿಡಿದು ಕೂತರೆ ಮಗನಿಗೆ ಆಶ್ರಮದ ಕಥೆ ಹೇಳಿ ನಗಿಸುವಳು.

"ಲಾವ್ ಲಾಂಗ್ ಬಿ ಕಣೋ, ಮುದಿವಾಸನೆ! ಅದು ಮೈ ಒಳಗಿಂದ ಬರೋದು. ಸೋಪು ಹಚ್ಚು, ಸೆಂಟು ಹೊಡಿ, ಏನ್ ಮಾಡಿದ್ರೂ ಹೋಗಲ್ಲ. ಮಜಾ ಏನು ಗೊತ್ತಾ? ಊರಿಗೆಲ್ಲ ಬಡಿಯತ್ತೆ, ಅವಕ್ಕೆ ಮಾತ್ರ ಗೊತ್ತೇ ಆಗಲ್ಲ."

ಹೀಗೆಂದು ಮುದುಕಿಯೊಬ್ಬಳು ತನ್ನ ತೋಳು ಮೂಸಿಕೊಂಡು 'ಏನೂ ಇಲ್ವಲ್ಲ' ಎಂದು ಕಣ್ಣರಳಿಸುವುದನ್ನು ಅಭಿನಯಿಸಿ ತೋರಿಸುವಳು. ಹುಡುಗ ಅನ್ನ ನೆತ್ತಿಗೇರುವಂತೆ ನಗುತ್ತಿದ್ದ. ಆ ಪದವನ್ನು ಕೈಹಿಡಿದು ಮನೆಯೊಳಗೆ ಕರೆತಂದವಳು ಅವಳೇ. ಬೇರೆ ಯಾರನ್ನೂ ದೂರುವಂತಿಲ್ಲ.

ಸೊಸೆ ಲೇ ಪೆಂಗ್ ಚೊಚ್ಚಲ ಹೆಣ್ಣುಮಗುವನ್ನು ಹೆತ್ತಾಗ, ಬಾಣಂತನಕ್ಕೆ ಯಾರನ್ನಾದರೂ ಗೊತ್ತುಮಾಡೋಣ ಎಂದ ಮಗನ ಬಾಯಿ ಮುಚ್ಚಿಸಿ ಗೈಕ್ ಸಿಮ್ ತಾನೇ ಟೊಂಕ ಕಟ್ಟಿ ನಿಂತಳು. ಕೆಳಗಿನ ಕೋಣೆ ಬಾಣಂತಿಗಾಯಿತು. ಮಗನನ್ನು ಮಹಡಿಗೆ ಅಟ್ಟಿದಳು. ತನ್ನ ಹಾಸಿಗೆಯನ್ನು ಅದೇ ಕೋಣೆಯಲ್ಲಿ, ಏಸಿಯ ಕೆಳಗಿನ ಮೂಲೆಯಲ್ಲಿ ಹಾಸಿಕೊಂಡಳು. ಮೊದಲ ದಿನವೇ ಏಸಿಯ ರಿಮೋಟು ಅವಳ ಅಂಗಿಯ ಜೇಬು ಸೇರಿತು.

"ತಿಂಗಳು ತುಂಬೋ ತನಕ ಇದರ ಗಾಳಿ ನಿನಗೆ ಸೋಕಕೂಡದು. ಮೂಳೆಗೆ ಗಾಳಿ ಹೊಕ್ಕರೆ ನನ್ನ ವಯಸ್ಸಿಗೆ ಬಂದಾಗ ಕೂತು ಅಳ್ತೀಯ."

"ಸೆಖೆಗೆ ಸತ್ತೇ ಹೋಗ್ತೀನಿ ಮಾ. ತಲೆಗಾದ್ರೂ ಎರಡು ಚೊಂಬು ನೀರು ಹಾಕ್ಕೊಳ್ಲಾ?"

"ತಲೆಗಲ್ಲ, ಕಾಲಿನ ಉಗುರಿಗೂ ಇಲ್ಲ."

ಕೋಣೆಗೆ ಅಂಟಿಕೊಂಡಿದ್ದ ಬಚ್ಚಲಿನ ನಲ್ಲಿಗೆ ಬಟ್ಟೆ ಸುತ್ತಿ ಕಟ್ಟಿದಳು. ಕಮೋಡಿಗೆ ಹೋಗಿ ಬರಬಹುದು ಅಷ್ಟೆ, ನೆಲಕ್ಕೆ ಹನಿ ನೀರು ಬೀಳುವಂತಿಲ್ಲ. ಬಾಣಂತಿ ಒದ್ದೆ ನೆಲ ತುಳಿದರೆ ಶೀತ ಏರುತ್ತದೆ. ಗಾಳಿ ನುಗ್ಗದಂತೆ ಬಚ್ಚಲ ಬಾಗಿಲ ಸಂದಿಗೆ ಟವೆಲು ತುರುಕಿದಳು. ಶುಂಠಿ ಸಿಪ್ಪೆ, ಮಜ್ಜಿಗೆಹುಲ್ಲು ಹಾಕಿ ಕುದಿಸಿದ ನೀರನ್ನು ಅಡುಗೆಮನೆಯಿಂದ ತಂದು, ಬಟ್ಟೆ ಅದ್ದಿ ಸೊಸೆಯ ಮೈ ಒರೆಸುವಳು. ಎಳ್ಳೆಣ್ಣೆಯಲ್ಲಿ ಹುರಿದ ಕೋಳಿಗೆ ಅಕ್ಕಿಯ ಹೆಂಡ ಹೊಯ್ದು ಬಡಿಸುವಳು. ಲೇ ಪೆಂಗ್ ಗೊಣಗಿದಳು, ತಿಂದಳು, ದಪ್ಪಗಾದಳು. ಮಗುವಂತೂ ಅಜ್ಜಿಯ ಹೆಗಲು ಬಿಟ್ಟರೆ ಬೇರೆಲ್ಲೂ ಮಲಗುತ್ತಿರಲಿಲ್ಲ.

ತಿಂಗಳು ತುಂಬಿದ ದಿನ ಬಂಧುಗಳನ್ನೆಲ್ಲ ಕರೆದು ಹಬ್ಬ ಮಾಡುತ್ತಾರೆ. ಅಂದು ಮಗುವನ್ನು ಎತ್ತಿಕೊಂಡು ಹೋಗಿ ಹಿರಿಯರ ಪೀಠದ ಮುಂದೆ ಧೂಪ ಹಚ್ಚುವುದು ಅಪ್ಪನ ತಾಯಿಯ ಹಕ್ಕು. ಪೀಠದ ಮೇಲೆ ಅವಳ ಗಂಡನ ಪಟವಿತ್ತು. ನೋಡಿ, ನಿಮ್ಮ ಮೊಮ್ಮಗಳು ಎಂದು ತೋರಿಸಬೇಕು. ಆ ಒಂದು ಗಳಿಗೆಗಾಗಿ ಗೈಕ್ ಸಿಮ್ ಹೊಸ ಕೆಬಾಯಾ ರವಿಕೆ ಹೊಲಿಸಿಕೊಂಡಿದ್ದಳು.

ಹಬ್ಬದ ಹಿಂದಿನ ದಿನ ಇಪೋದಿಂದ ಬೀಗಿತ್ತಿ ಯುಕ್ ಮೂಯಿ ಬಂದಿಳಿದಳು. ಬಂದವಳೇ ಬೀಸಣಿಗೆ ಹುಡುಕಿದಳು.

"ಅಯ್ಯೋ ಬೀಗ್ರೇ, ಇದೇನು ಕೋಣೆಯೋ ಒಲೆಯೋ! ತಿಂಗಳಾಯ್ತಲ್ಲ, ಇನ್ನಾದ್ರೂ ಆ ಏಸಿ ಹಾಕಿ."

ಗೈಕ್ ಸಿಮ್ ನಕ್ಕು ರಿಮೋಟು ಕೊಟ್ಟು ಚಹಾ ತರಲು ಅಡುಗೆಮನೆಗೆ ಹೋದಳು. ತಟ್ಟೆಯಲ್ಲಿ ಬಟ್ಟಲುಗಳನ್ನಿಟ್ಟುಕೊಂಡು ವಾಪಸು ಬಂದಾಗ ಬಾಗಿಲ ಪರದೆಯಾಚೆ ಪಿಸುಮಾತು ಕೇಳಿಸಿತು.

"ಥೂ, ಏನೇ ಇದು ನಾತ? ಆ ಮೂಲೆಯಿಂದ ಬರ್ತಿದೆ ನೋಡು, ನಿಮ್ಮತ್ತೆ ಹಾಸಿಗೆ ಕಡೆಯಿಂದ. ವಯಸ್ಸಾಯ್ತು, ನಿದ್ದೇಲಿ ಏನಾದ್ರೂ..."

"ಮೆಲ್ಲಗಮ್ಮ, ಕೇಳಿಸ್ಕೊಂಡಾರು." ಲೇ ಪೆಂಗ್‌ಳ ದನಿ ಮೂಗು ಮುಚ್ಚಿಕೊಂಡವರ ದನಿಯಾಗಿತ್ತು. "ನಂಗೂ ಈಗಲೇ ಗೊತ್ತಾಗಿದ್ದು. ಮಗು ಬೇರೆ ಅವರ ಪಕ್ಕದಲ್ಲೇ ಮಲಗತ್ತೆ."

ಆಮೇಲೆ ಮಗನ ದನಿ. ಅದರಲ್ಲಿ ದ್ವೇಷವಿರಲಿಲ್ಲ, ಬೇಸರವೂ ಇರಲಿಲ್ಲ; ಅಷ್ಟಾದರೂ ಇದ್ದಿದ್ದರೆ ಅವಳು ಜಗಳಕ್ಕೆ ನಿಲ್ಲುತ್ತಿದ್ದಳೇನೋ.

"ಮುದಿವಾಸನೆ ಇರ್ಬೇಕು. ಮಾ ತಾನೇ ಹೇಳ್ತಿದ್ಲಲ್ಲ, ಅದು ಮೈ ಒಳಗಿಂದ ಬರೋದು, ಏನ್ ಮಾಡಿದ್ರೂ ಹೋಗಲ್ಲ ಅಂತ. ಪಾಪ, ಅವಳಿಗೆ ಗೊತ್ತಾಗ್ತಿಲ್ಲ ಅಷ್ಟೆ. ಯಾರೂ ಏನೂ ಅನ್ಬೇಡಿ."

ಗೈಕ್ ಸಿಮ್ ತಟ್ಟೆಯನ್ನು ಸದ್ದಾಗದಂತೆ ಪಡಸಾಲೆಯ ಮೇಜಿನ ಮೇಲಿಟ್ಟಳು. ಅತ್ತಿತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ತೋಳನ್ನು ಮೂಗಿನ ಬಳಿ ಹಿಡಿದಳು. ಶುಂಠಿ, ಎಳ್ಳೆಣ್ಣೆ, ಬೆವರು, ಬೇರೇನೂ ಇಲ್ಲ. ಬೇರೇನೂ ಇಲ್ಲ ಎನ್ನುವುದೇ ಅವಳ ಪಾಲಿಗೆ ರುಜುವಾತಾಯಿತು. ಆ ವಾಸನೆ ಇದ್ದವರಿಗೆ ಅದು ಗೊತ್ತಾಗುವುದಿಲ್ಲವಲ್ಲ! ನಾಚಿಕೆಯಿಂದ ಅವಳಿಗೆ ನಿಂತ ನೆಲವೇ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ತಿಂಗಳಿಡೀ ಈ ಮೈಯನ್ನೇ ಆ ಎಳೆ ಕೂಸಿಗೆ ಒತ್ತಿಕೊಂಡಿದ್ದೆನಲ್ಲ ಎಂದು ಹೇಸಿಗೆಯಾಯಿತು.

ಉಳಿದವರು ಪಡಸಾಲೆಯಲ್ಲಿ ಚಹಾ ಕುಡಿಯುವಾಗ ಅವಳು ಆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನಲ್ಲಿಗೆ ಕಟ್ಟಿದ್ದ ಬಟ್ಟೆ ಕಿತ್ತು ಬಕೀಟುಗಟ್ಟಲೆ ನೀರು ಸುರಿದುಕೊಂಡಳು. ಅಲ್ಲಿನ ಗಬ್ಬು ಅವಳ ಮೂಗಿಗೂ ಬಡಿದಿತ್ತು. ಆದರೆ ತನ್ನದೇ ಎಂದು ಒಪ್ಪಿಕೊಂಡಾದ ಮೇಲೆ ಅದು ಎಲ್ಲಿಂದ ಬರುತ್ತಿದೆ ಎಂದು ಹುಡುಕುವ ಧೈರ್ಯ ಎಲ್ಲಿಂದ ಬರಬೇಕು? ಚರ್ಮ ಕೆಂಪಾಗುವಂತೆ ಉಜ್ಜಿಕೊಂಡಳು. ಸಂಜೆಯ ಹೊತ್ತಿಗೆ ಕೋಣೆಯ ವಾಸನೆ ಪೂರ್ತಿ ಹೋಗಿತ್ತು.

"ಈಗ ಎಷ್ಟು ಹಾಯಾಗಿದೆ ಅಲ್ವಾ ಮಾ ಕೋಣೆ?" ಎಂದಳು ಲೇ ಪೆಂಗ್, ಒಳ್ಳೆಯ ಮನಸ್ಸಿನಿಂದಲೇ.

ಇನ್ನೇನು ಅನುಮಾನ? ಗೈಕ್ ಸಿಮ್ ತನ್ನ ಹಾಸಿಗೆ ಸುತ್ತಿಕೊಂಡು ಅಡುಗೆಮನೆಯ ಹಿಂದಿನ ಉಗ್ರಾಣಕ್ಕೆ ಹೊರಟಳು. "ಏಸಿ ಗಾಳಿ ನಂಗಾಗಲ್ಲಪ್ಪ, ಮಂಡಿ ಹಿಡ್ಕೊಳತ್ತೆ" ಎಂದಳು. ಇಲ್ಲೇ ಇರಿ ಎಂದು ಯಾರಾದರೂ ಒಂದು ಮಾತು ಹೇಳುತ್ತಾರೇನೋ ಎಂದು ಬಾಗಿಲಲ್ಲಿ ಸ್ವಲ್ಪ ನಿಧಾನಿಸಿದಳು. ಯಾರೂ ಹೇಳಲಿಲ್ಲ.

ಹಬ್ಬದ ದಿನ ಅವಳು ಅಡುಗೆಮನೆ ಬಿಟ್ಟು ಕದಲಲಿಲ್ಲ. ಬೇಯಿಸಿದ ಮೊಟ್ಟೆಗಳಿಗೆ ಕೆಂಪು ಬಣ್ಣ ಬಳಿಯುತ್ತಾ, ಅರಿಶಿನದ ಅಂಟಕ್ಕಿ ಅನ್ನವನ್ನು ಪೊಟ್ಟಣಕ್ಕೆ ತುಂಬುತ್ತಾ ಕೂತಳು. ಕೋಕ್ ಹಿನ್ ಬಂದು ಕರೆದ.

"ಮಾ, ಎಲ್ಲರೂ ಕಾಯ್ತಿದಾರೆ. ಮಗೂನ ಎತ್ಕೊಂಡು ಅಪ್ಪನ ಮುಂದೆ ಧೂಪ ಹಚ್ಬೇಕಲ್ಲ."

"ಕೈಯೆಲ್ಲ ಬಣ್ಣ ನೋಡು. ಬೀಗ್ರಿಗೆ ಎತ್ಕೊಳ್ಳಕ್ಕೆ ಹೇಳು."

ಕೈ ತೊಳೆಯಲು ಎಷ್ಟು ಹೊತ್ತು ಬೇಕು? ಮಗ ಅದನ್ನು ಕೇಳಲಿಲ್ಲ. ಬೀಗಿತ್ತಿಯೇ ಮಗುವನ್ನು ಎತ್ತಿಕೊಂಡು ಪೀಠದ ಮುಂದೆ ನಿಂತಳು. ಪರದೆಯ ಸಂದಿಯಿಂದ ಗೈಕ್ ಸಿಮ್‌ಗೆ ಕಂಡದ್ದು ಮಗುವಿನ ಕೆಂಪು ಟೊಪ್ಪಿಗೆ ಮಾತ್ರ. ಕೆಬಾಯಾ ಪೆಟ್ಟಿಗೆಯಲ್ಲೇ ಉಳಿಯಿತು.

ಮರುವಾರ ಲೇ ಪೆಂಗ್ ಮಗುವಿನೊಂದಿಗೆ ತವರಿಗೆ ಹೊರಟಳು. ನಾಲ್ಕು ದಿನ ಇದ್ದು ಬರುತ್ತೇನೆ ಎಂದವಳಿಗೆ, "ಇರು, ಇನ್ನೂ ಇರು, ಇಪೋ ಗಾಳಿ ಮಗೂಗೆ ಒಳ್ಳೇದು" ಎಂದು ಅತ್ತೆಯೇ ಒತ್ತಾಯ ಮಾಡಿದಳು. ನಾಲ್ಕು ದಿನ ಎಳೆದು ಎಳೆದು ಎರಡು ತಿಂಗಳ ಹತ್ತಿರವಾಯಿತು. ಮಗ ಮಹಡಿಯಲ್ಲೇ ಮಲಗುತ್ತಿದ್ದ. ಕೆಳಗಿನ ಕೋಣೆಗೆ ಗೈಕ್ ಸಿಮ್ ಬೀಗ ಹಾಕಿ ಕೀಲಿಯನ್ನು ಮಗನ ಕೈಗೆ ಕೊಟ್ಟಿದ್ದಳು. ಗುಡಿಸುವ ನೆಪಕ್ಕೂ ಒಳಗೆ ಕಾಲಿಡಲಿಲ್ಲ. ಹೊತ್ತು ಹೊತ್ತಿಗೆ ಸ್ನಾನ ಮಾಡುವಳು, ಕುತ್ತಿಗೆಗೆ ಪೌಡರು ಮೆತ್ತುವಳು, ತೊಟ್ಟ ಬಟ್ಟೆಯನ್ನು ಅರೆದಿನಕ್ಕೇ ಒಗೆದುಬಿಡುವಳು. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿದ್ದರೂ ನಿಂತೇ ಹೋಗುವಳು. ಮಾರುಕಟ್ಟೆಯಲ್ಲಿ ಮೀನಿನವನು ಕೊಟ್ಟ ಮೀನನ್ನು ಮರುಮಾತಿಲ್ಲದೆ ಚೀಲಕ್ಕೆ ಹಾಕಿಕೊಳ್ಳುವಳು. ತನ್ನ ಮೈಯನ್ನೇ ಮೂಸಿ ತಿಳಿಯದ ಮೂಗು ಊರಿನ ಮೀನಿಗೆ ಬೆಲೆ ಕಟ್ಟುವುದೇ?

ಕೊನೆಗೆ ಒಂದು ಮಧ್ಯಾಹ್ನ ತಾಯಿ ಮಗಳು ಮಗುವಿನೊಂದಿಗೆ ಬಂದಿಳಿದರು. ಗೈಕ್ ಸಿಮ್ ಅಡುಗೆಮನೆಯ ಹೊಸ್ತಿಲಲ್ಲೇ ನಿಂತು, ದೂರದಿಂದಲೇ ಮಗುವನ್ನು ನೋಡಿ ನಕ್ಕಳು. ಕೋಕ್ ಹಿನ್ ಕೋಣೆಯ ಬೀಗ ತೆಗೆದು ಏಸಿ ಹಾಕಿದ. ಎಲ್ಲರೂ ಒಳಗೆ ಹೋದರು.

"ಥೂ! ಮತ್ತೆ ಅದೇ ನಾತ! ನಾನು ಅವತ್ತೇ ಹೇಳಲಿಲ್ವಾ, ನಿಮ್ಮತ್..." ಬೀಗಿತ್ತಿಯ ಮಾತು ಅರ್ಧಕ್ಕೇ ನಿಂತಿತು.

ಎಲ್ಲರೂ ತಿರುಗಿ ನೋಡಿದರು. ಅತ್ತೆ ಪಡಸಾಲೆಯಾಚೆ ಹೊಸ್ತಿಲಲ್ಲಿದ್ದಳು. ಆ ಮೂಲೆಯಲ್ಲಿ ಹಾಸಿಗೆಯೂ ಇರಲಿಲ್ಲ. ಕೋಕ್ ಹಿನ್‌ನ ಮುಖ ಇಷ್ಟಾಯಿತು. ಸ್ಟೂಲು ಹತ್ತಿ ಏಸಿಗೆ ಮೂಗು ಒಡ್ಡಿದವನು ಓಕರಿಸುತ್ತಾ ಇಳಿದ. ಬಚ್ಚಲ ಬಾಗಿಲು ತೆರೆದ, ಅಲ್ಲಿಯೂ ಅದೇ.

ಕೋಕ್ ಹಿನ್ ಏಸಿ ಕೂರಿಸಿದವನಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದ. ಅವನು ಬರುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ. ಏಸಿಯ ನೀರು ಹರಿದುಹೋಗುವ ಕೊಳವೆಯನ್ನು ಬಚ್ಚಲ ಜಾಲರಿಯ ಕೆಳಕ್ಕೇ ಇಳಿಬಿಟ್ಟಿದ್ದೇನೆ, ಅಲ್ಲಿ ಗಟಾರದ ಪೈಪು ಬಾಗಿದ ಕಡೆ ಸದಾ ಒಂದಷ್ಟು ನೀರು ನಿಂತಿರಬೇಕು, ಅದು ಒಣಗಿದರೆ ಗಟಾರದ ಗಾಳಿ ಕೊಳವೆ ಹಿಡಿದು ಏಸಿಗೇ ಬರುತ್ತದೆ ಎಂದ. "ಒಂದು ಬಕೀಟು ನೀರು ಹುಯ್ಯಿರಿ, ಸಾಕು. ಹಿಂದೆಯೂ ಹೀಗಾಗಿತ್ತಾ? ಬಚ್ಚಲಿಗೆ ತಿಂಗಳುಗಟ್ಟಲೆ ನೀರೇ ಹಾಕದೆ ಬಿಟ್ಟೋರು ಯಾರು ಸ್ವಾಮಿ?"

"ನಾನೇ, ಬಾಣಂತನದಲ್ಲಿ ಮರ್ತುಬಿಟ್ಟಿದ್ದೆ" ಎಂದಳು ಲೇ ಪೆಂಗ್, ತಲೆ ತಗ್ಗಿಸಿ.

"ಸುಳ್ಳು ಹೇಳ್ಬೇಡ. ನಲ್ಲಿಗೆ ಬಟ್ಟೆ ಕಟ್ಟಿದ್ದು ನಾನು." ಗೈಕ್ ಸಿಮ್ ಕೋಣೆಯೊಳಗೆ ಬಂದಿದ್ದಳು. ನಡುವೆ ನಿಂತು, ಮಾರುಕಟ್ಟೆಯಲ್ಲಿ ಎಳೆಯುತ್ತಿದ್ದಂತೆ ಒಮ್ಮೆ ಉಸಿರೆಳೆದಳು. "ಗಟಾರ! ಕುರುಡು ಮೂಗಿಗೂ ಗೊತ್ತಾಗತ್ತೆ. ಇದನ್ನಾ ನನ್ನ ಮೈ ವಾಸನೆ ಅಂದಿದ್ದು?"

"ಮಾ, ನಾವು..." ಕೋಕ್ ಹಿನ್ ತೊದಲಿದ.

"ನೀವು ಅಂದ್ರಿ, ಬಿಡು. ನಾನು ನಂಬಿದ್ನಲ್ಲೋ! ನನ್ನ ಮೂಗಿಗಿಂತ ನನ್ನ ಹಾಳು ಮಾತನ್ನೇ ನಂಬಿದೆ."

ಅಳು ಬಂದದ್ದು ಸಿಟ್ಟಿಗೋ ನಾಚಿಕೆಗೋ ಅವಳಿಗೂ ತಿಳಿಯಲಿಲ್ಲ. ಆಶ್ರಮದ ಮುಚ್ಚಿದ ಕೋಣೆಗಳು ನೆನಪಿಗೆ ಬಂದವು. ಆಯಾ, ಇನ್ನೊಂದು ಸಲ ಸ್ನಾನ ಮಾಡಿಸ್ತೀಯಾ ಎಂದು ಬೇಡುತ್ತಿದ್ದವರ ಮುಖಗಳು ಬಂದವು. ಅವರಲ್ಲಿ ಎಷ್ಟು ಜನರದು ನಿಜವಾಗಿ ಮೈಯ ವಾಸನೆ, ಎಷ್ಟು ಜನರದು ಕೋಣೆಯದು? ಅವಳು ಒಂದು ದಿನವೂ ನೋಡಿರಲಿಲ್ಲ, ನಕ್ಕಿದ್ದಳು ಅಷ್ಟೆ.

ಬೀಗಿತ್ತಿ ಇಪೋದಿಂದ ತಂದ ಚಕ್ಕೋತದ ಹಣ್ಣನ್ನು ಸುಮ್ಮನೆ ಸುಲಿಯತೊಡಗಿದಳು. ಲೇ ಪೆಂಗ್ ಮಗುವನ್ನು ಎತ್ತಿಕೊಂಡು ಅತ್ತೆಯ ಮುಂದೆ ಬಂದಳು. ಅವಳ ಕಣ್ಣು ಮೇಲೇಳುತ್ತಿರಲಿಲ್ಲ.

"ಮಾ, ತಗೊಳ್ಳಿ. ನಿಮ್ಮ ಮಗೂನ ಎತ್ಕೊಳ್ಳಿ."

"ಇರು, ಒಂದು ಚೊಂಬು ನೀರು ಹಾಕ್ಕೊಂಡು ಬಂದ್ಬಿಡ್ತೀನಿ" ಎಂದು ಗೈಕ್ ಸಿಮ್ ಹಿಂದಕ್ಕೆ ಸರಿದಳು. ಬೆಳಗಿನಿಂದ ಆಗಲೇ ಎರಡು ಸ್ನಾನ ಆಗಿತ್ತು.

"ಬೇಡ ಮಾ!" ಸೊಸೆ ಅಳುತ್ತಲೇ ಕೂಸನ್ನು ಅವಳ ಎದೆಗೆ ಒತ್ತಿಬಿಟ್ಟಳು.

ಮಗು ಅಜ್ಜಿಯ ಕುತ್ತಿಗೆಗೆ ಮುಖ ತಂದಿತು. ಅಲ್ಲಿ ಬರೀ ಪೌಡರಿನ ಘಾಟು. ಮಗು ಮುಖ ಕಿವುಚಿ, ಪರಿಚಯವಿಲ್ಲದವರ ಕೈಗೆ ಸಿಕ್ಕ ಮಕ್ಕಳು ಅಳುವಂತೆ ಕಿಟಾರನೆ ಅಳತೊಡಗಿತು. ಬೀಗಿತ್ತಿಯ ಕೈ ಅಭ್ಯಾಸಬಲದಿಂದ ಮುಂದೆ ಬಂದು ಹಾಗೇ ಹಿಂದಕ್ಕೆ ಹೋಯಿತು. ಮಗು ಅಳುತ್ತಲೇ ಇತ್ತು, ಗೈಕ್ ಸಿಮ್ ತೂಗುತ್ತಲೇ ಇದ್ದಳು. ಅವಳ ತೋಳಿನಿಂದ ಅದನ್ನು ಈಸಿಕೊಳ್ಳುವ ಮುಖ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.